ಲೈಲ್ ಕ್ವಾಮ್‌ನ ಎಡಗೈ ಪಿಸ್ತೂಲು

ಆರ್ಲೋ ಹೌಗೆನ್‌ನ ಬಲಭುಜದ ಎಲುಬು ಮುರಿದದ್ದು ಒಂದು ಸತ್ತ ಟರ್ಕಿ ಕೋಳಿಯಿಂದ. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮೂರು ದಿನ ಇರುವಾಗ ಹೆಂಡತಿ ಡಾರ್ಲೀನ್, ನೆಲಮಾಳಿಗೆಯ ಫ್ರೀಜರ್‌ನಿಂದ ಕೋಳಿ ತೆಗೆದುಕೊಂಡು ಬಾ ಎಂದಳು. ಕಲ್ಲಿನ ಹಾಗೆ ಹೆಪ್ಪುಗಟ್ಟಿದ್ದ ಒಂಬತ್ತು ಕಿಲೋ ಕೋಳಿಯನ್ನು ಕೂಸಿನಂತೆ ಅವುಚಿಕೊಂಡು ಹತ್ತಿದ ಆರ್ಲೋ ಕೊನೆಯ ಮೆಟ್ಟಿಲಲ್ಲಿ ಜಾರಿದ. ಕೋಳಿಗೆ ಏನೂ ಆಗಲಿಲ್ಲ.

ಡಾಕ್ಟರು ಬಲಗೈಯನ್ನು ಕೊರಳಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿ ತೂಗಿಹಾಕಿ, ಆರು ವಾರ ಭುಜಕ್ಕೆ ರೈಫಲ್ ತಾಗಿಸಿದರೆ ಎಲುಬು ಮತ್ತೆ ಎರಡಾಗುತ್ತದೆ ಎಂದು ಹೇಳಿ ಕಳಿಸಿದರು. ಬೇರೆ ಯಾವ ವರ್ಷವಾದರೂ ಆರ್ಲೋ ಸುಮ್ಮನಿರುತ್ತಿದ್ದ. ಆದರೆ ಈ ವರ್ಷ ಅವನ ಹೆಸರಿಗೆ ಟಗರಿನ ಚೀಟಿ ಎದ್ದಿತ್ತು. ಮಾಮೂಲಿ ಟಗರಲ್ಲ, ಮೊಂಟಾನಾದ ನದಿಕಣಿವೆಯ ಬೋಳು ಗುಡ್ಡಗಳಲ್ಲಿ ಸುರುಳಿ ಕೊಂಬು ಹೊತ್ತು ತಿರುಗುವ ಕಾಡು ಟಗರು. ಅದರ ಬೇಟೆಗೆ ಸರ್ಕಾರ ಲಾಟರಿ ಎತ್ತುತ್ತದೆ. ಸ್ಕೂಲ್ ಬಸ್ಸಿನ ಡ್ರೈವರ್ ಆರ್ಲೋ ಇಪ್ಪತ್ತಮೂರು ವರ್ಷ ತಪ್ಪದೆ ಅರ್ಜಿ ಹಾಕಿದ್ದ. ಚೀಟಿ ಬಂದ ದಿನವೇ ಟೀವಿಯ ಮೇಲಿದ್ದ ಅತ್ತೆಯ ಫೋಟೋ ಇಳಿಸಿ, ಟಗರಿನ ತಲೆಗೆಂದು ಗೋಡೆಯಲ್ಲಿ ಮೊಳೆ ಹೊಡೆದಿದ್ದ. ಸೆಪ್ಟೆಂಬರಿನಿಂದ ಆರು ಟಗರು ಎದುರಾದವು. ಇನ್ನೂ ದೊಡ್ಡದು ಬರಲಿ ಎಂದು ಆರನ್ನೂ ಹೊಡೆಯದೆ ಬಿಟ್ಟ. ಆಸೆಗೆ ಮಿತಿ ಇರಬೇಕು ನೋಡಿ.

ಈಗ ಹಬ್ಬ ಕಳೆದ ಭಾನುವಾರ, ಬೇಟೆಯ ಕೊನೆಯ ದಿನ. ಸಂಜೆ ಸೂರ್ಯ ಮುಳುಗಿದರೆ ಚೀಟಿ ಬರೀ ಕಾಗದ.

“ಗೋಡೆ ಖಾಲಿ ಬಿಟ್ರೆ ನಮ್ಮಮ್ಮನ ಫೋಟೋ ವಾಪಸ್ ಬರುತ್ತೆ,” ಎಂದಳು ಡಾರ್ಲೀನ್, ನಾಲ್ಕನೇ ದಿನದ ಟರ್ಕಿ ಸ್ಯಾಂಡ್‌ವಿಚ್ಚನ್ನು ಅವನ ಮುಂದೆ ಸರಿಸುತ್ತ. “ಈ ಸಲ ಇನ್ನೂ ದೊಡ್ಡ ಫ್ರೇಮ್ ಹಾಕಿಸ್ತೀನಿ.”

ಆರ್ಲೋ ಎದ್ದ. ಭುಜಕ್ಕೆ ತಾಗದ ಬಂದೂಕು ಎಂದರೆ ಪಿಸ್ತೂಲು. ದೂರದ ಟಗರನ್ನು ಬೀಳಿಸಬಲ್ಲ ಪಿಸ್ತೂಲು ಎಂದರೆ ರೈಫಲಿನ ತೋಟಾ ಹಾಕುವ, ಕದದ ಅಗುಳಿಯಂತೆ ಬೋಲ್ಟ್ ಎಳೆದು ತಳ್ಳುವ ಉದ್ದ ನಳಿಗೆಯ ಪಿಸ್ತೂಲು. ಅಂಥದ್ದು ಊರಲ್ಲಿದ್ದರೆ ಮರ್ವ್ ಕೆಸ್ಲರ್‌ನ ಅಂಗಡಿಯಲ್ಲಿ ಮಾತ್ರ.

ಪಕ್ಕದ ಮನೆಯ ಗಸ್ ಆಗಲೇ ತನ್ನ ಟ್ರಕ್ಕಿನ ಎಂಜಿನ್ ಬಿಸಿ ಮಾಡುತ್ತ ನಿಂತಿದ್ದ. ಗಸ್ ಮೂವತ್ತು ವರ್ಷ ಊರಿಗೆ ಅಂಚೆ ಹಂಚಿ ನಿವೃತ್ತನಾದವನು. ಇನ್ನೊಬ್ಬರ ವಿಷಯದಲ್ಲಿ ತಲೆಹಾಕಲು ತನಗೆ ಸರ್ಕಾರದ ಅನುಮತಿ ಇದೆ ಎಂದೇ ಇವತ್ತಿಗೂ ನಂಬಿದ್ದ.

“ಒಂದು ಕೈಯಲ್ಲಿ ಗಾಡಿ ಹೇಗೆ ಓಡಿಸ್ತೀಯ? ಹತ್ತು,” ಎಂದ.

ಮರ್ವ್ ಗಾಜಿನ ಮೇಜಿನ ಮೇಲೆ ಮೂರು ಪಿಸ್ತೂಲು ಹರವಿದ. ಮೊದಲನೆಯದು ಹೊಸದು, ಮದುವೆ ಗಂಡಿನ ಹಾಗೆ ಮಿರಮಿರ ಮಿಂಚುತ್ತಿತ್ತು.

“ಇದರ ಬೋಲ್ಟ್ ಎಡಗಡೆ,” ಎಂದ ಮರ್ವ್. “ಬಲಗೈಯವರಿಗೆ ಅಂತಲೇ ಮಾಡಿದ್ದು. ಬಲಗೈ ಹಿಡಿ ಬಿಡೋ ಹಾಗಿಲ್ಲ, ಎಡಗೈ ಬೋಲ್ಟ್ ಎಳೀತದೆ.”

“ಇವನ ಬಲಗೈ ಜೋಳಿಗೇಲಿದೆ, ಕಾಣಲ್ವಾ?” ಎಂದ ಗಸ್. “ಇವನು ಎಡಗೈಲಿ ಹಿಡೀಬೇಕು. ಜೋಳಿಗೆಯಿಂದ ಬೆರಳು ಆಚೆ ಹಾಕಿ ಬಲಗಡೆ ಬೋಲ್ಟ್ ಎಳೀಬೇಕು.”

ಎರಡನೆಯದರ ಬೋಲ್ಟೇನೋ ಬಲಗಡೆಯೇ ಇತ್ತು. ಆದರೆ ಹಿಡಿ ತೀರಾ ಹಿಂದೆ. ಆರ್ಲೋ ಎಡಗೈಯಲ್ಲಿ ಎತ್ತಿದ ಕೂಡಲೇ ಅದರ ಮೂತಿ ನಿದ್ದೆ ಬಂದ ಎಮ್ಮೆಯ ಹಾಗೆ ನೆಲಕ್ಕೆ ಜೋತುಬಿತ್ತು.

ಮೂರನೆಯದು ಹಳೆಯದು. ಅಕ್ರೋಟು ಮರದ ಹಿಡಿ ನಟ್ಟನಡುವೆ, ಬೋಲ್ಟ್ ಬಲಗಡೆ. ಎಡಗೈ ಇಟ್ಟ ಕೂಡಲೇ ಮರದಲ್ಲಿದ್ದ ಬೆರಳಿನ ಗುರುತುಗಳು ಆರ್ಲೋನ ಬೆರಳುಗಳನ್ನು ತಾವೇ ಕೂರಿಸಿಕೊಂಡವು. ಮರ ಬೆಚ್ಚಗಿತ್ತು, ಈಗಷ್ಟೇ ಯಾರೋ ಕೆಳಗಿಟ್ಟ ಹಾಗೆ. ಹೊರಗೆ ಮೈನಸ್ ಹನ್ನೆರಡು ಡಿಗ್ರಿ, ಮರ್ವ್‌ನ ಅಂಗಡಿಯ ಹೀಟರ್ ಕೆಟ್ಟು ವಾರವಾಗಿತ್ತು.

“ಲೈಲ್ ಕ್ವಾಮ್‌ದು,” ಎಂದ ಮರ್ವ್, ಸ್ವಲ್ಪ ದನಿ ತಗ್ಗಿಸಿ. “ಎಡಚ ಅಲ್ವಾ, ಹಿಡಿ ತಾನೇ ಕೆತ್ತಿಕೊಂಡಿದ್ದ. ಸೆಪ್ಟೆಂಬರಿನಲ್ಲಿ ತೀರಿಹೋದ್ನಲ್ಲ, ಅವನಮ್ಮ ಇನೆಜ್ ಅಜ್ಜಿ ತಂದುಕೊಟ್ಟರು. ಇಬ್ಬರು ತಗೊಂಡು ಹೋದ್ರು. ಇಬ್ಬರೂ ವಾಪಸ್ ತಂದಿಟ್ರು.”

“ಯಾಕೆ?”

“ಹೇಳಲಿಲ್ಲ. ಒಬ್ಬನಂತೂ ದುಡ್ಡೂ ಕೇಳಲಿಲ್ಲ.”

ಆರ್ಲೋ ಒಂದು ಗಳಿಗೆ ಯೋಚಿಸಿದ. ಕಣ್ಣ ಮುಂದೆ ಅತ್ತೆಯ ಫೋಟೋ ಬಂದು ನಿಂತಿತು. “ಫಾರಂ ಕೊಡು,” ಎಂದ.

ಸರ್ಕಾರಿ ಫಾರಂ ತುಂಬಿ, ಮರ್ವ್ ಫೋನ್ ಮಾಡಿ ಒಪ್ಪಿಗೆ ಪಡೆದು, ಎಲ್ಲ ಮುಗಿಯುವಾಗ ಹನ್ನೊಂದು ದಾಟಿತ್ತು. ಗುರಿ ಸರಿಯಿದೆಯೋ ಇಲ್ಲವೋ ನೋಡದೆ ಬೇಟೆಗೆ ಹೋಗುವವನು ಮೂರ್ಖ ಎಂದು ಗಸ್ ಹೇಳಿದ್ದರಿಂದ ಇಬ್ಬರೂ ಊರಾಚೆಯ ಗುರಿಮೈದಾನಕ್ಕೆ ಹೋದರು. ಅಲ್ಲಿ ಕಬ್ಬಿಣದ ತಗಡಿನಲ್ಲಿ ಕತ್ತರಿಸಿದ ಪ್ರಾಣಿಗಳ ಸಾಲುಗಳಿವೆ. ಹತ್ತಿರದಲ್ಲಿ ಕೋಳಿ, ಅದರಾಚೆ ಹಂದಿ, ಅದರಾಚೆ ಟರ್ಕಿ, ಇನ್ನೂರು ಮೀಟರಿನಲ್ಲಿ ಟಗರು. ಬೀಳಿಸಿದರೆ ಮಾತ್ರ ಲೆಕ್ಕ. ಹಿಮದಲ್ಲಿ ಕಪ್ಪಗೆ ನಿಂತಿದ್ದ ಆ ಸಾಲುಗಳು ಇವರನ್ನೇ ಕಾಯುತ್ತಿದ್ದಂತೆ ಕಂಡವು. ಬೇರೆ ನರಪಿಳ್ಳೆ ಇರಲಿಲ್ಲ.

ಆರ್ಲೋ ಮರಳಿನ ಚೀಲದ ಮೇಲೆ ಪಿಸ್ತೂಲಿಟ್ಟು ತೋಟಾ ತುಂಬಿ, ಜೋಳಿಗೆಯಿಂದ ಎರಡು ಬೆರಳು ಹೊರಹಾಕಿ ಬೋಲ್ಟ್ ಮುಚ್ಚಿದ. ಹಂದಿಗೆ ಗುರಿ ಹಿಡಿದ. ಉಸಿರು ಬಿಗಿಹಿಡಿದ. ಟ್ರಿಗರ್ ಇನ್ನೂ ಮುಟ್ಟಿರಲಿಲ್ಲ.

ಟಣ್.

“ಭಲೇ,” ಎಂದ ಗಸ್, ದುರ್ಬೀನಿನಿಂದ ಕಣ್ಣು ತೆಗೆಯದೆ. “ಟಗರು ಮಲಗ್ತು. ಸದ್ದೇ ಬರಲಿಲ್ಲವಲ್ಲ ಮಾರಾಯ, ಸೈಲೆನ್ಸರ್ ಹಾಕ್ಸಿದ್ಯಾ?”

“ನಾನು ಹೊಡೀಲಿಲ್ಲ.”

“ಮತ್ತೆ ಯಾರು, ನಮ್ಮಪ್ಪನಾ?”

ಆರ್ಲೋ ಬೋಲ್ಟ್ ಎಳೆದ. ಸಿಡಿದ ಖಾಲಿ ತೋಟಾ ಚಂಗನೆ ಹಾರಿ ಹಿಮದಲ್ಲಿ ಬಿದ್ದು ಚುಸ್ ಎಂದಿತು. ಎರಡನೇ ಸಲ ಟರ್ಕಿಗೆ ಗುರಿಯಿಟ್ಟ. ಎರಡನೇ ಟಗರು ಬಿತ್ತು. ಮೂರನೇ ಸಲ ಗುರಿಯನ್ನೇ ಇಡಲಿಲ್ಲ, ಪಿಸ್ತೂಲನ್ನು ಚೀಲದ ಮೇಲೆ ಬಿಟ್ಟು ನಾಲ್ಕು ಹೆಜ್ಜೆ ಹಿಂದೆ ನಿಂತ. ಮೂರನೇ ಟಗರೂ ಬಿತ್ತು. ನಾಲ್ಕನೇ ಸಲ ರೋಷ ಬಂದು, ಅದು ತಾನಾಗಿ ಸಿಡಿಯುವ ಮೊದಲು ತಾನೇ ಹೊಡೆಯಬೇಕೆಂದು ಟ್ರಿಗರ್ ಜಗ್ಗಿದ. ಟಿಕ್ ಎಂದಿತು, ಅಷ್ಟೇ, ತೋಟಾ ಆಗಲೇ ಸಿಡಿದಾಗಿತ್ತು.

ಗಸ್ ದುರ್ಬೀನು ಕೆಳಗಿಟ್ಟ.

“ಲೈಲ್ ಯಾವಾಗ್ಲೂ ಟಗರಿನಿಂದಲೇ ಶುರುಮಾಡ್ತಿದ್ದ,” ಎಂದ. “ಕೋಳಿ, ಹಂದಿ ಎಲ್ಲ ಹೆಂಗಸರು ಮಕ್ಕಳಿಗೆ ಅಂತಿದ್ದ. ಹುಟ್ಟುಗುಣ ಸುಟ್ಟರೂ ಹೋಗಲ್ಲ, ಹೂತರೂ ಹೋಗಲ್ಲ.”

“ಗಸ್, ಇದನ್ನ ವಾಪಸ್ ಕೊಟ್ಟುಬಿಡೋಣ.”

“ಕೊಟ್ಟು? ಗೋಡೆಗೆ ಅತ್ತೆ ಏರಿಸ್ತೀಯಾ?” ಗಸ್ ಹತ್ತಿರ ಬಂದು ಪಿಸುಗುಟ್ಟಿದ, ಯಾರಿಗೋ ಕೇಳಿಸಬಾರದೆಂಬಂತೆ. “ನಿನಗೆ ಕೈ ಮುರಿದಿದೆ. ಅವನಿಗೆ ಮೈಯೇ ಇಲ್ಲ. ನಿಂದು ಚೀಟಿ, ಅವಂದು ಗುರಿ. ಯಾರ ಗುಂಡಾದ್ರೇನು, ಟಗರು ಬಿದ್ರೆ ಸಾಲದಾ?”

ಹೆದರಿಕೆ ಹೆದರಿಕೆಯೇ. ಆದರೆ ಇಪ್ಪತ್ತಮೂರು ವರ್ಷದ ಆಸೆಯ ಮುಂದೆ ಅದು ಗಿಡ್ಡವಾಗಿ ಕಂಡಿತು. ಆರ್ಲೋ ಪಿಸ್ತೂಲನ್ನು ಟವೆಲಿನಲ್ಲಿ ಸುತ್ತಿ ಟ್ರಕ್ಕಿನ ಸೀಟಿನ ಮಧ್ಯೆ ಇಟ್ಟ. ಇಬ್ಬರೂ ಅದಕ್ಕೆ ತಾಗದಂತೆ ಬಾಗಿಲಿಗೆ ಅಂಟಿಕೊಂಡು ಕೂತರು. ನೋಡಿದವರು ಮಧ್ಯದಲ್ಲಿ ಇನ್ನೊಬ್ಬ ದಪ್ಪನೆಯವನು ಕೂತಿದ್ದಾನೆ ಎಂದುಕೊಳ್ಳಬೇಕು, ಹಾಗೆ.

ಕಣಿವೆಯ ಗುಡ್ಡಗಳನ್ನು ಏರಿ ಇಳಿದು, ಬಿದ್ದು ಎದ್ದು ಮೂರು ಗಂಟೆ ಕಳೆಯಿತು. ಎರಡು ಸಲ ಆರ್ಲೋ ಹಿಂತಿರುಗಿ ನೋಡಿದ. ಹಿಂದೆ ಮೂರನೆಯವನೊಬ್ಬ ಹಿಮ ತುಳಿಯುತ್ತ ಬರುವ ಸದ್ದು ಕೇಳಿಸುತ್ತಿತ್ತು. ನಿಂತರೆ ಅದೂ ನಿಲ್ಲುತ್ತಿತ್ತು. ಗಸ್‌ನನ್ನು ಕೇಳಲು ಬಾಯಿ ಬರಲಿಲ್ಲ, ಗಸ್‌ಗೂ ಕೇಳಿಸಿದ್ದರೆ ಇನ್ನೂ ಕಷ್ಟ.

ನಾಲ್ಕು ಗಂಟೆಗೆ, ಬಿಸಿಲು ಗುಡ್ಡದ ತುದಿಗೆ ಮಾತ್ರ ಉಳಿದಿದ್ದಾಗ, ಎದುರಿನ ದಿಣ್ಣೆಯ ಮೇಲೆ ಟಗರು ಬಂದು ನಿಂತಿತು. ಆರ್ಲೋ ಅಂಥದ್ದನ್ನು ಹುಟ್ಟಿದಾರಭ್ಯ ನೋಡಿರಲಿಲ್ಲ. ಕೊಂಬು ಪೂರಾ ಒಂದು ಸುತ್ತು ತಿರುಗಿ ಮತ್ತೆ ಕಣ್ಣಿನವರೆಗೆ ಬಂದಿತ್ತು. ಅವನ ಕಣ್ಣಲ್ಲಿ ನೀರಾಡಿತು. ಪಿಸ್ತೂಲಿಗೆ ಮೂರು ಕಾಲಿನ ಆಸರೆ ಇಟ್ಟು, ಎಡಗೈಯಿಂದ ಹಿಡಿದ. “ಲೈಲ್,” ಎಂದ ಮೆಲ್ಲಗೆ, “ಇದೊಂದು ನನಗೆ ಬಿಟ್ಟುಬಿಡಪ್ಪ. ನಿನ್ನ ಕಾಲಿಗೆ ಬೀಳ್ತೀನಿ.” ಟ್ರಿಗರ್ ಮೇಲೆ ಬೆರಳಿಟ್ಟು ಒತ್ತಿದ.

ಟಿಕ್.

ಟಗರು ನಿಂತಲ್ಲೇ ಮಂಡಿಯೂರಿ ಬಿತ್ತು. ಕಣಿವೆಯಲ್ಲಿ ಒಂದು ಕಾಗೆಯೂ ಏಳಲಿಲ್ಲ.

“ಬಿತ್ತು ಕಣೋ,” ಎಂದು ಗಸ್ ಅವನ ಮುರಿದ ಭುಜಕ್ಕೇ ಗುದ್ದಿದ. ಆರ್ಲೋಗೆ ನೋವೂ ತಿಳಿಯಲಿಲ್ಲ. ಜೇಬಿನಿಂದ ಚೀಟಿ ತೆಗೆದ. ಇವತ್ತಿನ ತಾರೀಕನ್ನು ಚಾಕುವಿನಿಂದ ಕತ್ತರಿಸಿ ಪ್ರಾಣಿಗೆ ಕಟ್ಟಿದರೆ ಟಗರು ಕಾನೂನಿನ ಪ್ರಕಾರ ಅವನದು. ಚಾಕುವನ್ನು ಹಲ್ಲಲ್ಲಿ ಕಚ್ಚಿಕೊಂಡು ದಿಣ್ಣೆ ಹತ್ತಿದ.

ಟಗರಿನ ಕೊಂಬಿಗೆ ಆಗಲೇ ಒಂದು ಚೀಟಿ ಕಟ್ಟಿತ್ತು.

ಸುತ್ತ ಹಿಮದಲ್ಲಿ ಟಗರಿನ ಗೊರಸು ಬಿಟ್ಟರೆ ಬೇರೆ ಹೆಜ್ಜೆ ಇರಲಿಲ್ಲ. ಚೀಟಿಯಲ್ಲಿ ಇವತ್ತಿನ ತಾರೀಕು ಅಚ್ಚುಕಟ್ಟಾಗಿ ಕತ್ತರಿಸಿತ್ತು. ಕೆಳಗೆ ಎಡಕ್ಕೆ ವಾಲಿದ ಅಕ್ಷರದಲ್ಲಿ ಸಹಿ: ಲೈಲ್ ಕ್ವಾಮ್.

“ಎಲ್ಲರೂ ಪಿಸ್ತೂಲು ಕೆಳಗಿಡಿ. ಚೀಟಿ ತೋರಿಸಿ,” ಎಂದು ದಿಣ್ಣೆಯ ಆಚೆಯಿಂದ ದನಿ ಬಂತು. ಇಬ್ಬರ ಜೀವವೂ ಬಾಯಿಗೆ ಬಂತು. ಬಂದದ್ದು ಬೇಟೆ ಇಲಾಖೆಯ ವಾರ್ಡನ್ ಟೆಸ್, ಕಳೆದ ತಿಂಗಳಷ್ಟೇ ಈ ಕಡೆಗೆ ವರ್ಗವಾಗಿ ಬಂದ ಹುಡುಗಿ. ಅವಳು ಕೊಂಬಿನ ಚೀಟಿ ಓದಿದಳು, ರೇಡಿಯೋದಲ್ಲಿ ನಂಬರು ಹೇಳಿದಳು, ಉತ್ತರ ಕೇಳಿ ತಲೆಯಾಡಿಸಿದಳು.

“ಸರಿಯಾಗಿದೆ. ಈ ಕಣಿವೆಗೆ ಈ ವರ್ಷ ಕೊಟ್ಟಿದ್ದೇ ಎರಡು ಚೀಟಿ. ಒಂದು ಹೌಗೆನ್, ಒಂದು ಕ್ವಾಮ್. ಎಲ್ಲಿ ಅವರು?”

“ಯಾರು?” ಎಂದ ಗಸ್.

“ನಿಮ್ಮ ಜೊತೆ ಇದ್ದ ಮೂರನೆಯವರು. ಕೆಂಪು ಚೌಕಳಿ ಟೋಪಿ. ಆಚೆ ದಿಣ್ಣೆಯಿಂದ ದುರ್ಬೀನಲ್ಲಿ ನೋಡ್ತಾನೇ ಇದ್ದೆ. ಹೊಡೆದಿದ್ದು ಅವರೇ, ಎಡಗೈಲಿ. ಒಳ್ಳೇ ಗುರಿ.”

ಗಸ್ ಟೋಪಿ ತೆಗೆದು ಎದೆಗಿಟ್ಟುಕೊಂಡ. “ನೋಡಮ್ಮ, ಲೈಲ್ ಕ್ವಾಮ್ ತೀರಿಕೊಂಡು ಎರಡು ತಿಂಗಳಾಯ್ತು. ಅವನನ್ನ ಹೂತಿದ್ದು ಆ ಟೋಪೀಲೇ. ಪೆಟ್ಟಿಗೆ ಹೊತ್ತವರಲ್ಲಿ ನಾನೂ ಒಬ್ಬ.”

ಟೆಸ್ ಮುಖ ಬಿಳಿಚಿತು. ಆದರೆ ಹೊಸ ನೌಕರಿ, ನಿಯಮದ ಪುಸ್ತಕವೇ ಅವಳಿಗೆ ಧೈರ್ಯ. ಜೇಬಿನಿಂದ ಅದನ್ನು ತೆಗೆದು, ಪುಟ ತಿರುವಿದಳು. ಎರಡು ಸಲ ಓದಿದಳು.

“ಚೀಟಿ ಇರೋರು ಸ್ವತಃ ಹೊಡೀಬೇಕು ಅಂತಿದೆ,” ಎಂದಳು. “ಸ್ವತಃ ಹೊಡೆದಿದ್ದಾರೆ. ಬದುಕಿರಬೇಕು ಅಂತ ಎಲ್ಲೂ ಬರೆದಿಲ್ಲ.”

“ಮತ್ತೆ ನಂದು?” ಎಂದ ಆರ್ಲೋ. ತನ್ನ ಚೀಟಿಯನ್ನು ಅವಳ ಮುಂದೆ ಚಾಚಿದ.

“ನಿಮ್ಮದೂ ಸರಿಯಾಗೇ ಇದೆ. ಸೂರ್ಯ ಮುಳುಗೋಕೆ ಇನ್ನೂ,” ಅವಳು ಗಡಿಯಾರ ನೋಡಿದಳು, “ಆರು ನಿಮಿಷ ಇದೆ.”

ಆ ಆರು ನಿಮಿಷ ಆರ್ಲೋ ಗುಡ್ಡದ ಮೇಲೆ ನಿಂತು ನಾಲ್ಕೂ ದಿಕ್ಕು ನೋಡಿದ. ಒಂದು ಮೊಲವೂ ಕಾಣಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರದಿದ್ದರೆ ಹೇಗಿರುತ್ತದೆಂದು ಅವನಿಗೆ ಆವತ್ತು ಸರಿಯಾಗಿ ತಿಳಿಯಿತು. ಸೂರ್ಯ ಮುಳುಗಿದ. ಒಮ್ಮೆ ಚೀಟಿ ಎದ್ದವನ ಹಳೆಯ ವರ್ಷಗಳೆಲ್ಲ ಸೊನ್ನೆ, ಮತ್ತೆ ಮೊದಲಿನಿಂದ ಅರ್ಜಿ ಹಾಕಬೇಕು. ಇನ್ನು ಇಪ್ಪತ್ತಮೂರು ವರ್ಷಕ್ಕೆ ಅವನಿಗೆ ಎಪ್ಪತ್ತೊಂಬತ್ತು.

“ಇನ್ನೊಂದು ವಿಷಯ,” ಎಂದಳು ಟೆಸ್. “ಮಾಂಸ ಗುಡ್ಡದಲ್ಲಿ ಬಿಟ್ಟುಹೋದ್ರೆ ದಂಡ. ಹೊಡೆದವರು ಹೊರೋ ಸ್ಥಿತೀಲಿಲ್ಲ. ಜೊತೆಗೆ ಬಂದವರು ನೀವೇ.”

ಆರ್ಲೋ ಎಡಭುಜದ ಮೇಲೆ ಇನ್ನೊಬ್ಬನ ಟಗರಿನ ತಲೆ ಹೊತ್ತು, ಅತ್ತೆಯ ಮುಖವನ್ನೇ ನೆನೆಯುತ್ತ, ಎರಡು ಮೈಲಿ ನಡೆದ. ಗಸ್ ಮಾಂಸ ಹೊತ್ತು ಹಿಂದೆ ಬಂದ. ಒಬ್ಬರೂ ಹಿಂತಿರುಗಿ ನೋಡಲಿಲ್ಲ.

ಇನೆಜ್ ಅಜ್ಜಿಯ ಮನೆಯ ಹೊರದೀಪ ಆಗಲೇ ಉರಿಯುತ್ತಿತ್ತು. ಅಜ್ಜಿ ಬಾಗಿಲು ತೆರೆದರು. ಅಡುಗೆಮನೆಯ ಮೇಜಿನ ಮೇಲೆ ಹಳೇ ಪೇಪರು ಹಾಸಿ, ಚಾಕು ಮಸೆದು ಇಟ್ಟಿತ್ತು. ಟಗರಿನ ತಲೆ ನೋಡಿ ಅಜ್ಜಿ ಆಶ್ಚರ್ಯಪಡಲಿಲ್ಲ.

“ಬೂಟು ಹೊರಗೆ ಬಿಟ್ಟು ಬಾ ಅಂತ ಎಷ್ಟು ಸಲ ಹೇಳ್ಬೇಕೋ ನಿನಗೆ,” ಎಂದರು.

ಆರ್ಲೋ ತಲೆಯನ್ನು ಕೆಳಗಿಟ್ಟು, ಒಂದೇ ಕೈಯಲ್ಲಿ ಲೇಸು ಬಿಚ್ಚಲು ಬಗ್ಗಿದ.

“ನಿನಗಲ್ಲ ಆರ್ಲೋ,” ಎಂದರು ಅಜ್ಜಿ, ಅವನ ಹಿಂದಕ್ಕೆ ನೋಡುತ್ತ.

ಆರ್ಲೋ ನಿಧಾನವಾಗಿ ನೆಟ್ಟಗಾದ. ಟವೆಲಿನಲ್ಲಿ ಸುತ್ತಿದ್ದ ಪಿಸ್ತೂಲನ್ನು ಮೇಜಿನ ತುದಿಗಿಟ್ಟ. “ಇದು ನಿಮ್ಮ ಮನೇದು ಅಜ್ಜಿ. ನನಗೆ ದುಡ್ಡೂ ಬೇಡ. ಇಟ್ಕೊಂಡುಬಿಡಿ.”

ಅಜ್ಜಿ ಅವನ ಹೆಗಲಾಚೆಗೆ ಕಿವಿಗೊಟ್ಟು ಒಂದು ಗಳಿಗೆ ಕೇಳಿಸಿಕೊಂಡರು. ಆಮೇಲೆ ಪಿಸ್ತೂಲನ್ನು ಎತ್ತಿ, ಮಗುವಿಗೆ ತಿಂಡಿ ಕೊಡುವ ಹಾಗೆ ಅವನ ಎಡಗೈಗೇ ಇಟ್ಟು ಬೆರಳು ಮುಚ್ಚಿದರು.

“ಬೇಡವಂತೆ, ನಿನ್ನ ಹತ್ರಾನೇ ಇರ್ಲಿ ಅಂತಾನೆ. ಬರೋ ವರ್ಷಕ್ಕೆ ಕರಡಿಗೂ ಅರ್ಜಿ ಹಾಕಿದಾನಂತೆ.”