ಹನ್ನೊಂದನೆಯ ಹೆಜ್ಜೆಯಿಂದ ಗಾಳಿ ಅಳೆಯುವ ಯಂತ್ರಕ್ಕೆ

ಮಾನ್ಯ ಗಾಳಿ ಅಳೆಯುವ ಯಂತ್ರದವರೇ,

ನಮ್ಮ ಬೀದಿಯ ಮೂಲೆಯ ಕಂಬದ ಮೇಲೆ, ಯಾರ ಕೈಗೂ ಎಟುಕದಂತೆ, ಆದರೆ ಎಲ್ಲರ ಕಣ್ಣಿಗೂ ಬೀಳುವಂತೆ ವಿರಾಜಮಾನವಾಗಿರುವ ತಮ್ಮ ಬಿಳಿಯ ಡಬ್ಬಕ್ಕೂ, ಅದರ ಕೆಳಗೆ ಹಸಿರು, ಹಳದಿ, ಕೆಂಪಿನಲ್ಲಿ ಬೆಳಗುವ ತಮ್ಮ ಅಂಕಿಗಳಿಗೂ ಈ ಪಂಕ್ಚರ್ ಅಂಗಡಿಯವನ ಸಾವಿರ ನಮಸ್ಕಾರಗಳು. ಗಾಳಿ ಹಾಕುವ ಕೆಲಸದಲ್ಲಿ ನನಗೆ ಇಪ್ಪತ್ತೆರಡು ವರ್ಷದ ಅನುಭವ; ತಾವು ಬಂದು ನಾಲ್ಕು ತಿಂಗಳೂ ಆಗಿಲ್ಲ. ಆದರೂ ಗಾಳಿಯ ವಿಷಯ ಬಂದರೆ ಈ ಬೀದಿ ನನ್ನನ್ನು ಬಿಟ್ಟು ತಮ್ಮನ್ನೇ ಕತ್ತೆತ್ತಿ ನೋಡುತ್ತದೆ ಎಂಬುದನ್ನು ಯಾವ ಹೊಟ್ಟೆಕಿಚ್ಚೂ ಇಲ್ಲದೆ ಒಪ್ಪಿಕೊಳ್ಳುತ್ತೇನೆ. ಸ್ವಲ್ಪ ಇದೆ. ಇರಲಿ.

ತಾವು ಬಂದ ವಾರವೇ ಮನೆಮನೆಗೂ ಒಂದು ತಿಳಿವಳಿಕೆ ಪತ್ರ ಬಂತು. ಹತ್ತಿರದ ಕೆಲಸಕ್ಕೆ ನಡೆದು ಹೋಗಿ, ಗಾಡಿ ನಿಲ್ಲಿಸಿದಾಗ ಇಂಜಿನ್ ಆಫ್ ಮಾಡಿ, ಕಸ ಸುಡಬೇಡಿ, ಗಿಡ ಬೆಳೆಸಿ, ಟೈರಿನಲ್ಲಿ ಸರಿಯಾದಷ್ಟು ಗಾಳಿ ಇರಲಿ ಎಂದೆಲ್ಲ ಅದರಲ್ಲಿತ್ತು; ಕೊನೆಯದನ್ನು ನಾನು ಮೂರು ಸಲ ಓದಿ, ಕತ್ತರಿಸಿ, ಅಂಗಡಿಯ ಗೋಡೆಗೆ ಅಂಟಿಸಿದ್ದೇನೆ. ಅತಿ ಹೆಚ್ಚು ಹಸಿರು ದಿನಗಳನ್ನು ಕಂಡ ಬೀದಿಗೆ ಒಂದು ಬೆಳ್ಳಿ ಬಣ್ಣದ ಕಪ್ ಕೊಡುವುದಾಗಿಯೂ ಹೇಳಿತ್ತು. ಇಷ್ಟಕ್ಕೇ ನಿಲ್ಲಿಸಿದ್ದರೆ ನಾವೆಲ್ಲ ಸುಖವಾಗಿರುತ್ತಿದ್ದೆವು. ಆದರೆ ಅದನ್ನು ಬರೆದ ಪುಣ್ಯಾತ್ಮರು ಕೆಳಗೆ ಇನ್ನೊಂದು ಸಾಲು ಸೇರಿಸಿದ್ದರು: "ಯಂತ್ರದ ಸುತ್ತಮುತ್ತಲಿನ ಗಾಳಿಯನ್ನು ಶುದ್ಧವಾಗಿಡುವುದು ಪ್ರತಿಯೊಬ್ಬರ ಕರ್ತವ್ಯ."

ಸುತ್ತಮುತ್ತ ಎಂದರೆ ಎಲ್ಲಿಯವರೆಗೆ ಎಂದು ಬೀದಿಯ ಸಂಘದ ಸಭೆಯಲ್ಲಿ ಗಲಾಟೆಯೋ ಗಲಾಟೆ. ನಿವೃತ್ತ ಲೆಕ್ಕದ ಮೇಷ್ಟ್ರು ಎದ್ದು ನಿಂತು, "ಸುಮ್ನೆ ಸುತ್ತಮುತ್ತ ಅಂದ್ರೆ ಹೇಗ್ರೀ? ಅದಕ್ಕೂ ಒಂದು ಅಳತೆ ಬೇಡ್ವಾ? ಹತ್ತು ಹೆಜ್ಜೆ ಅಂತ ಇಟ್ಕೊಳ್ಳಿ" ಎಂದರು. ಚಪ್ಪಾಳೆ ಬಿತ್ತು. ಯಾರ ಹೆಜ್ಜೆ ಎಂಬುದರ ಮೇಲೆ ಇನ್ನೂ ಎರಡು ತಾಸು ಕಿತ್ತಾಡಿ, ಕೊನೆಗೆ ಬೀದಿಯಲ್ಲಿ ಎಲ್ಲರಿಗಿಂತ ಹೆಚ್ಚು ನಡೆಯುವವರು ಎಂಬ ಕಾರಣಕ್ಕೆ ಅಂಚೆ ಹಂಚುವ ಅಕ್ಕನ ಹೆಜ್ಜೆಯನ್ನೇ ಸರ್ವಾನುಮತದಿಂದ ಒಪ್ಪಲಾಯಿತು. ಆಕೆ ಕಂಬದಿಂದ ಎರಡೂ ಕಡೆಗೆ ಹತ್ತು ಹತ್ತು ಹೆಜ್ಜೆ ಎಣಿಸಿ ನಿಂತರು, ಮೇಷ್ಟ್ರು ಸೀಮೆಸುಣ್ಣದಲ್ಲಿ ಗೆರೆ ಎಳೆದರು. ನನ್ನ ಅಂಗಡಿ ಮತ್ತು ಅದರ ಹಿಂದಿನ ನನ್ನ ಮನೆ ಹನ್ನೊಂದನೆಯ ಹೆಜ್ಜೆಯಲ್ಲಿವೆ.

ಆವತ್ತಿನಿಂದ ತಮಗೆ ಸಲ್ಲುತ್ತಿರುವ ಮರ್ಯಾದೆಯನ್ನು ತಾವೇ ಮೇಲಿನಿಂದ ನೋಡುತ್ತಿದ್ದೀರಿ. ಬೈಕಿನವರು ಗೆರೆಯ ಹತ್ತಿರ ಇಂಜಿನ್ ಆಫ್ ಮಾಡಿ, ಮಲಗಿದ ಮಗುವಿನ ಪಕ್ಕದಲ್ಲಿ ಹೋಗುವವರಂತೆ ಸದ್ದಿಲ್ಲದೆ ಗಾಡಿ ತಳ್ಳಿಕೊಂಡು ತಮ್ಮನ್ನು ದಾಟಿ, ಗೆರೆ ಮುಗಿಯುತ್ತಲೇ ನನ್ನ ಅಂಗಡಿಯ ಮುಂದೆ ನಿಂತು ಕಿಕ್ ಹೊಡೆಯುತ್ತಾರೆ. ಒಂದೇ ಕಿಕ್ಕಿಗೆ ಹೊತ್ತಿಕೊಳ್ಳುವ ಗಾಡಿ ನಮ್ಮ ಬೀದಿಯಲ್ಲಿ ಇಲ್ಲ. ಎದುರಿನಿಂದ ಬರುವವರಿಗೋ, ಆಫ್ ಮಾಡುವ ಮುಂಚೆ ಒಮ್ಮೆ ಜೋರಾಗಿ ರೇಸ್ ಮಾಡುವ ಚಟ. ಅದನ್ನೂ ನನ್ನ ಬಾಗಿಲಲ್ಲೇ ತೀರಿಸಿಕೊಳ್ಳುತ್ತಾರೆ. ಸಂಘದ ಅಧ್ಯಕ್ಷರಂತೂ ಕಾರಿನಿಂದ ಇಳಿದು, ತಮ್ಮೆದುರು ಹತ್ತು ಹೆಜ್ಜೆ ನಡೆದು ಫೋಟೊ ತೆಗೆಸಿಕೊಳ್ಳುತ್ತಾರೆ. ಅಷ್ಟರಲ್ಲಿ ಕಾರು ಹಿಂದಿನ ರಸ್ತೆಯಿಂದ ಸುತ್ತು ಹಾಕಿ ಬಂದು, ಒಳಗಿನ ತಂಪು ಆರಬಾರದೆಂದು ಇಂಜಿನ್ ಚಾಲೂ ಇಟ್ಟುಕೊಂಡೇ ಹನ್ನೊಂದನೆಯ ಹೆಜ್ಜೆಯಲ್ಲಿ ಕಾಯುತ್ತಿರುತ್ತದೆ.

ಬೇಕರಿಯವರು ಮೊದಲು ರಟ್ಟಿನ ಪೆಟ್ಟಿಗೆಗಳನ್ನು ತಮ್ಮ ಅಂಗಡಿಯ ಹಿಂದೆಯೇ ಸುಡುತ್ತಿದ್ದರು. ಈಗ ಅವನ್ನು ತಲೆಯ ಮೇಲೆ ಹೊತ್ತು ಗೆರೆ ದಾಟಿ ತಂದು, ನನ್ನ ಗೋಡೆಯ ಬುಡದಲ್ಲಿ ಬೆಂಕಿ ಇಟ್ಟು, "ನೀವು ಗೆರೆಯಿಂದ ಆಚೆ ಅಲ್ವಾ ಅಣ್ಣಾ, ಏನೂ ತೊಂದ್ರೆ ಇಲ್ಲ ಬಿಡಿ" ಎಂದು ನನಗೇ ಸಮಾಧಾನ ಹೇಳುತ್ತಾರೆ. ಬೀದಿಯ ನಲವತ್ತಮೂರು ಹೂಕುಂಡಗಳೂ ತಮ್ಮ ಕಂಬದ ಸುತ್ತ ಸೇರಿ, ಬೇರೆ ಯಾರ ಮನೆಯ ಮುಂದೆಯೂ ಒಂದು ಹಸಿರೆಲೆ ಉಳಿದಿಲ್ಲ. ಟೈಲರ್ ಅತ್ತಿಗೆ ದಟ್ಟಣೆಯ ಹೊತ್ತಿನಲ್ಲಿ ಏಣಿ ಹತ್ತಿ ತಮಗೆ ರಟ್ಟಿನಿಂದ ಗಾಳಿ ಬೀಸುತ್ತಾರೆ. ಇನ್ನು ನಮ್ಮ ಸಿಗರೇಟು ಮಾವ, ಗೆರೆಯ ಆಚೆ ತುದಿಯಲ್ಲಿ ಕೊನೆಯ ದಮ್ಮು ಎಳೆದು, ಬಾಯಿ ಬಿಗಿದುಕೊಂಡು, ಕೆನ್ನೆ ಉಬ್ಬಿಸಿಕೊಂಡು ತಮ್ಮ ಮುಂದೆ ನಡೆದು ಬಂದು, ನನ್ನ ಅಂಗಡಿಗೆ ಕಾಲಿಟ್ಟ ಮೇಲೆಯೇ "ಏನಪ್ಪಾ, ಹೇಗಿದೆ ವ್ಯಾಪಾರ?" ಎಂದು ಅಷ್ಟನ್ನೂ ನನ್ನ ಮುಖಕ್ಕೆ ಬಿಡುತ್ತಾರೆ. ಸಿನಿಮಾದವರಿಗೆ, ರಾಜಕೀಯದವರಿಗೆ ಹವಾ ಇರುವುದನ್ನು ಕಂಡಿದ್ದೆ. ಹವಾ ಅಳೆಯುವವರಿಗೇ ಈ ಪಾಟಿ ಹವಾ ಇರುವುದನ್ನು ನೋಡಿದ್ದು ಇದೇ ಮೊದಲು.

ಇದನ್ನೆಲ್ಲ ನಾನು ನಗುನಗುತ್ತಲೇ ಸಹಿಸಿಕೊಳ್ಳುತ್ತಿದ್ದೆ, ನನ್ನ ಮಗಳು ಇಲ್ಲದಿದ್ದರೆ. ಅವಳಿಗೆ ಒಂಬತ್ತು ವರ್ಷ, ಎದೆ ಮೊದಲಿನಿಂದಲೂ ಸೂಕ್ಷ್ಮ. ಡಾಕ್ಟರಮ್ಮ ತಮ್ಮ ಅಂಕಿಗಳ ಮೇಲೆ ಭಾರ ಹಾಕಿ, "ಬೋರ್ಡಲ್ಲಿ ಹಸಿರಿದ್ದ ದಿನ ಆಡೋಕೆ ಬಿಡಿ, ಕೆಂಪಿದ್ರೆ ಬೇಡ" ಎಂದಿದ್ದಾರೆ. ಏಳು ಹಳೆಯ ಸೈಕಲ್ಲುಗಳ ಬಿಡಿಭಾಗ ಸೇರಿಸಿ ನಾನು ಅವಳಿಗೊಂದು ಸೈಕಲ್ ಕಟ್ಟಿಕೊಟ್ಟಿದ್ದೆ. ಅದರ ಸೀಟಿನ ಮೇಲೆ ಕೂತು, ಒಳಕೋಣೆಯ ಕಿಟಕಿಯಿಂದ ತಮ್ಮನ್ನೇ ನೋಡುತ್ತಾ ಅವಳು ಕಾದಳು. ಸಂಘದವರ ಪ್ರತಾಪದಿಂದ ಮೂರನೆಯ ವಾರದಲ್ಲಿ ತಾವು ಹಸಿರಾದಿರಿ. ನಲವತ್ತೆರಡು! ಬೀದಿಯೆಲ್ಲ ಕುಣಿಯಿತು, ನಾನೂ ಬಾಗಿಲು ತೆರೆದು ಅವಳನ್ನು ಬಿಟ್ಟೆ.

ಮೂರು ಸಲ ಪೆಡಲ್ ತುಳಿದಳು. ಆಮೇಲೆ ಕೆಮ್ಮು ಹಿಡಿದಿದ್ದು ಬಿಡಲೇ ಇಲ್ಲ. ಎತ್ತಿಕೊಂಡು ಒಳಗೆ ಓಡಿ ಬಂದೆ, ಔಷಧಿ ಎಳೆಸಿದೆ, ಬೆನ್ನು ಸವರಿದೆ. ಅವಳ ಎದೆಯಿಂದ ಸಣ್ಣಗೆ ಶಿಳ್ಳೆ ಬರುತ್ತಿತ್ತು. ಸ್ವಾಮಿ, ಆ ಸದ್ದು ನನಗೆ ಗೊತ್ತು. ಟ್ಯೂಬಿನಿಂದ ಬಂದರೆ ನೀರಿನ ಬಾನಿಯಲ್ಲಿ ಅದ್ದಿ, ಗುಳ್ಳೆ ಎದ್ದ ಜಾಗ ಹುಡುಕಿ ಎರಡು ನಿಮಿಷದಲ್ಲಿ ಮುಚ್ಚುತ್ತೇನೆ. ಮಗಳನ್ನು ಎಲ್ಲಿ ಅದ್ದಲಿ? ಉಸಿರು ಸ್ವಲ್ಪ ತಹಬಂದಿಗೆ ಬಂದಾಗ ಅವಳು ಕಿಟಕಿಯ ಕಡೆ ನೋಡಿ, "ಅಪ್ಪಾ, ಅಲ್ಲಿ ಇನ್ನೂ ಹಸಿರೇ ಇದೆ. ಹಾಗಾದ್ರೆ ಸರಿ ಇಲ್ಲದೇ ಇರೋದು ನಾನೇನಾ?" ಎಂದು ಕೇಳಿದಳು. ಆ ಪ್ರಶ್ನೆಗೆ ಉತ್ತರ ಕೊಡಬೇಕಾದವನು ನಾನಲ್ಲವಾದ್ದರಿಂದ ಈ ಪತ್ರ.

ನಾನೇನು ಸಾಚಾ ಎಂದು ಹೇಳಿಕೊಳ್ಳುತ್ತಿಲ್ಲ. ಚಳಿಗಾಲದ ಬೆಳಗಿನಲ್ಲಿ ಹಳೆಯ ಟೈರು ಸುಟ್ಟು ಕೈ ಕಾಯಿಸಿಕೊಂಡವನೇ. ಆ ಹೊಗೆ ಯಾರ ಮೂಗಿಗೆ ಹೋಯಿತೆಂದು ಆಗ ಕೇಳಿಕೊಂಡಿರಲಿಲ್ಲ. ಮಗಳು ಆ ಪ್ರಶ್ನೆ ಕೇಳಿದ ದಿನದಿಂದ ಬಿಟ್ಟಿದ್ದೇನೆ, ಆ ಬೆಳ್ಳಿ ಬಣ್ಣದ ಕಪ್‌ಗಾಗಿ ಅಲ್ಲ.

ಈಗ ನನ್ನ ಚಿಕ್ಕ ಕೋರಿಕೆ. ತಾವು ದಯಮಾಡಿ ದಿನಕ್ಕೆ ಹತ್ತು ಹೆಜ್ಜೆ ನಡೆಯಬೇಕು. ಬೀದಿ ಒಟ್ಟು ಆರುನೂರು ಹೆಜ್ಜೆ, ಅದನ್ನೂ ಅಂಚೆ ಅಕ್ಕನೇ ಎಣಿಸಿಕೊಟ್ಟಿದ್ದಾರೆ. ಎರಡೇ ತಿಂಗಳಲ್ಲಿ ಎಲ್ಲರ ಬಾಗಿಲಿಗೂ ತಮ್ಮ ಭೇಟಿ ಆಗುತ್ತದೆ, ತಾವಿದ್ದಲ್ಲಿ ಹೊಗೆ ಇರುವುದಿಲ್ಲ. ಕಾಲಿಲ್ಲ ಎನ್ನುವುದಾದರೆ ಚಕ್ರ ಹಾಕಿಕೊಡುವ ಹೊಣೆ ನನ್ನದು. ನಡೆಯುವುದು ತಮ್ಮ ಘನತೆಗೆ ಕಡಿಮೆ ಎನಿಸಿದರೆ, ಮೇಲಿನವರಿಗೆ ಹೇಳಿ ತಮ್ಮ ಮೂಗನ್ನಾದರೂ ಹನ್ನೊಂದು ಹೆಜ್ಜೆಯಷ್ಟು ಉದ್ದ ಮಾಡಿಸಿಕೊಳ್ಳಿ. ಅದೂ ಆಗದಿದ್ದರೆ ನನ್ನ ಮಗಳ ಜೊತೆ ಒಂದೇ ಒಂದು ಸಲ, ಎಲ್ಲರಿಗೂ ಕೇಳಿಸುವ ಹಾಗೆ, ಕೆಮ್ಮಿ.

ತಮ್ಮ ಉತ್ತರವನ್ನು, ಯಾವ ಬಣ್ಣದಲ್ಲಿದ್ದರೂ, ಬಾಗಿಲು ಮುಚ್ಚಿಕೊಂಡು ಎದುರುನೋಡುತ್ತಿರುವ,

ತಮ್ಮ ವಿಶ್ವಾಸಿ,
ಹನ್ನೊಂದನೆಯ ಹೆಜ್ಜೆಯ ಗಾಳಿ ಹಾಕುವವನು

ಮರೆತ ಮಾತು: ಪತ್ರ ಅಂಚೆಗೆ ಹಾಕುವಷ್ಟರಲ್ಲಿ ಒಂದು ವಿಶೇಷ ನಡೆಯಿತು. ನನ್ನ ಮಗಳು ಹಳೆಯ ಬಿಸ್ಕತ್ತಿನ ಡಬ್ಬಕ್ಕೆ ಬಿಳಿ ಬಣ್ಣ ಬಳಿದು, ಹಸಿರು ಕಾಗದದಲ್ಲಿ ನಲವತ್ತೆರಡು ಎಂದು ಬರೆದು ಅಂಟಿಸಿ, ಒಂದು ಕೋಲಿಗೆ ಸಿಕ್ಕಿಸಿ ಸೈಕಲ್ಲಿನ ಹಿಂದೆ ಕಟ್ಟಿಸಿಕೊಂಡು ಇವತ್ತು ಬೆಳಿಗ್ಗೆ ಹೊರಟೇಬಿಟ್ಟಳು. ಮೊದಲು ಕಂಡ ಬೇಕರಿಯವರು ಗೀರಿದ ಕಡ್ಡಿಯನ್ನು ಊದಿ ಆರಿಸಿದರು. ಬೈಕುಗಳು ಸಾಲಾಗಿ ಆಫ್ ಆದವು, ಅಧ್ಯಕ್ಷರು ಕಾರಿನಿಂದ ಇಳಿದು ನಡೆದರು, ಮೇಷ್ಟ್ರು ಸೀಮೆಸುಣ್ಣ ಹಿಡಿದು ಅವಳ ಮುಂದೆ ಗೆರೆ ಎಳೆಯುತ್ತಾ ಓಡಿದರು. ಸಿಗರೇಟು ಮಾವ ಮಾತ್ರ ಅವಳ ಜೊತೆಜೊತೆಗೇ ನಡೆಯುತ್ತಿದ್ದುದರಿಂದ ಹೊಗೆ ಬಿಡಲು ಜಾಗವೇ ಸಿಗದೆ, ಕೊನೆಗೆ ನುಂಗಿದರು. ಅವಳು ಆರುನೂರು ಹೆಜ್ಜೆ ಹೋಗಿ, ಆರುನೂರು ಹೆಜ್ಜೆ ವಾಪಸು ಬಂದಳು, ಒಮ್ಮೆಯೂ ಕೆಮ್ಮಲಿಲ್ಲ. ಆ ಡಬ್ಬದೊಳಗೆ ಮೆತ್ತಗಾದ ನಾಲ್ಕು ಬಿಸ್ಕತ್ತು ಬಿಟ್ಟರೆ ಬೇರೇನೂ ಇಲ್ಲ ಎಂಬುದನ್ನು ತಾವು ದಯವಿಟ್ಟು ಯಾರಿಗೂ ಹೇಳಬಾರದು.