ಕಿವಿಯಿಲ್ಲದ ಪೆಟ್ಟಿಗೆ

ಸಂಶೋಧನೆ ಮಾಡುವವರನ್ನು ಕಂಡರೆ ಜನಕ್ಕೆ ಅನುಮಾನ ಬರುವುದು ಇದ್ದದ್ದೇ. ಶಾಸನ ಹುಡುಕಿಕೊಂಡು ಹೋದವನನ್ನು ನಿಧಿ ಅಗೆಯೋಕೆ ಬಂದವನು ಅನ್ನುತ್ತಾರೆ, ಸೋಬಾನೆ ಪದ ಕೇಳಲು ಹೋದವಳನ್ನು ಜನಗಣತಿಯವಳು ಅನ್ನುತ್ತಾರೆ. ಇನ್ನು ಮಿಣಮಿಣ ದೀಪದ ಪೆಟ್ಟಿಗೆ ಹಿಡಿದುಕೊಂಡು, "ಇದನ್ನ ನಿಮ್ಮ ಗೋಡೆಗೆ ಹಾಕ್ಲಾ?" ಎಂದು ಮೈಸೂರಿನ ಬೀದಿ ಬೀದಿ ಅಲೆದ ನನ್ನ ಪಾಡು ಕೇಳುವುದೇ ಬೇಡ.

ನನ್ನ ಪಿಎಚ್.ಡಿ. ವಿಷಯವೇ ಅಂಥದ್ದು. ಮುಂದೊಂದು ಕಾಲಕ್ಕೆ ಕಂಪ್ಯೂಟರು ಮೇಜಿನ ಮೇಲೆ ಕೂತಿರುವುದಿಲ್ಲವಂತೆ. ಗೋಡೆ, ಬಾಗಿಲು, ಫ್ಯಾನು, ಕುಕ್ಕರು ಎಲ್ಲದರೊಳಗೂ ಸೇರಿಕೊಂಡು, ಇದೆಯೋ ಇಲ್ಲವೋ ಗೊತ್ತಾಗದ ಹಾಗೆ ನಮ್ಮ ಸೇವೆ ಮಾಡುತ್ತದಂತೆ. ಅಂಥ ಕಾಲವನ್ನು ನಮ್ಮೂರಿನ ಮನೆಗಳು ಹೇಗೆ ಕಲ್ಪಿಸಿಕೊಳ್ಳುತ್ತವೆ, ಅದು ನಿಜವಾಗಿ ಬಂದರೆ ಹೇಗೆ ಬಾಳುತ್ತವೆ ಎನ್ನುವುದು ನನ್ನ ಪ್ರಶ್ನೆ. ಅದಕ್ಕೆಂದೇ ಸೋಪಿನ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಗಳನ್ನು ಮಾಡಿಸಿದ್ದೆ. ಕೋಣೆಯಲ್ಲಿ ಯಾರಾದರೂ ಓಡಾಡಿದರೆ ಅದಕ್ಕೆ ತಿಳಿಯುತ್ತದೆ, ಸೆಕೆ ಎಷ್ಟಿದೆ ಎಂದು ತಿಳಿಯುತ್ತದೆ. ಅಷ್ಟೇ. ಕಣ್ಣಿಲ್ಲ, ಕಿವಿಯಿಲ್ಲ.

"ನಾಲ್ಕು ಮನೆ ಹಿಡಿಯಮ್ಮ," ಎಂದಿದ್ದರು ನನ್ನ ಗೈಡ್. "ಆರು ತಿಂಗಳು ಪೆಟ್ಟಿಗೆ ಗೋಡೆ ಮೇಲಿರ್ಲಿ. ಒಂದು ವಾರಕ್ಕೆಲ್ಲ ಜನ ಅದನ್ನ ಮರೆತುಬಿಡ್ತಾರೆ. ಅಷ್ಟು ತೋರಿಸಿಬಿಟ್ರೆ ಪದವಿ ನಿನ್ನ ಕೈಲಿ."

ಪದವಿ ನನಗೆ ಬೇಕೇ ಬೇಕಾಗಿತ್ತು. ಕಾಲೇಜಿನಲ್ಲಿ ನಾನು ಅತಿಥಿ ಉಪನ್ಯಾಸಕಿ. ಪಿಎಚ್.ಡಿ. ಇಲ್ಲದ ಅತಿಥಿಗಳಿಗೆ ಮುಂದಿನ ವರ್ಷದಿಂದ ಆತಿಥ್ಯವಿಲ್ಲ ಎಂದು ಪ್ರಿನ್ಸಿಪಾಲರು ಹೇಳಿಯಾಗಿತ್ತು. ವಿಶ್ವವಿದ್ಯಾನಿಲಯ ಕೊಟ್ಟಿದ್ದ ಕಾಲಾವಕಾಶವೂ ಅದೇ ಕೊನೆಯದು. ಒಂದು ಮನೆ ಕೈಕೊಟ್ಟರೂ ಪದವಿಯಿಲ್ಲ, ಕೆಲಸವೂ ಇಲ್ಲ. ಹೊಟ್ಟೆಯಲ್ಲಿ ಈ ಭಯ ಇಟ್ಟುಕೊಂಡು, ಮುಖದಲ್ಲಿ ನಗು ಹಚ್ಚಿಕೊಂಡು ಹೊರಟೆ. ಅಪರಿಚಿತಳೊಬ್ಬಳು ಹಾಗೆ ನಕ್ಕರೆ ನಾನೇ ಗೇಟು ಹಾಕಿಕೊಳ್ಳುತ್ತಿದ್ದೆ.

ಎಲ್ಲೀವರ್ಗೆ?

ಮೊದಲು ಹೋದದ್ದು ವಿಜಯನಗರಕ್ಕೆ. ಹೊಸ ಬಡಾವಣೆ, ಹೊಸ ಮನೆ, ಗೇಟಿನ ಒಳಗೆ ನಿವೃತ್ತ ಯಜಮಾನರು. ನಾನು ಗೇಟಿನ ಹೊರಗೇ ನಿಂತು ಮೊದಲ ಪ್ರಶ್ನೆ ಕೇಳಿದೆ.

"ಸರ್, ಇನ್ನು ಇಪ್ಪತ್ತು ವರ್ಷಕ್ಕೆ ನಿಮ್ಮ ಮನೆ ಹೇಗಿರಬಹುದು?"

ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಆಮೇಲೆ ರಸ್ತೆ ನೋಡಿದರು. ಆಮೇಲೆ ತಮ್ಮ ಕಾಂಪೌಂಡು ನೋಡಿದರು.

"ಎಲ್ಲೀವರ್ಗೆ ಒಡೀತಾರೆ?"

"ಏನು ಸರ್?"

"ರಸ್ತೆ ಅಗಲ ಮಾಡೋಕೆ ತಾನೇ ನೀವು ಬಂದಿರೋದು? ಕಾಂಪೌಂಡಷ್ಟೇನೋ, ಪೋರ್ಟಿಕೋನೂ ಹೋಗ್ತದೋ? ನಿಜ ಹೇಳ್ಬುಡಿ."

ನಾನು ಕಂಪ್ಯೂಟರಿನ ಭವಿಷ್ಯ, ಗೋಡೆಯೊಳಗಿನ ಬುದ್ಧಿ ಎಂದೆಲ್ಲ ಹೇಳಿದೆ. 'ಗೋಡೆ' ಎಂಬ ಮಾತು ಬಂದದ್ದೇ ತಡ, ಪಕ್ಕದ ಮನೆಯವರು ಬಂದರು, ಎದುರು ಮನೆಯವರು ಬಂದರು. ಒಬ್ಬರು ಫೋನಿನಲ್ಲಿ ಯಾರೋ ವಕೀಲರನ್ನು ಹಿಡಿದರು. ಇನ್ನೊಬ್ಬರು ನನ್ನ ಸ್ಕೂಟರಿನ ನಂಬರಿನ ಫೋಟೋ ತೆಗೆದರು. ನಾನು ಹೆದರಿ ಪೆಟ್ಟಿಗೆ ಹೊರಗೆ ತೆಗೆದು ತೋರಿಸಿದೆ. ಅದರ ಮೇಲೆ ವಿಶ್ವವಿದ್ಯಾನಿಲಯದ ಮುದ್ರೆ ಇತ್ತು. ಯಜಮಾನರು ಅದನ್ನು ಹೆಬ್ಬೆರಳಿನಲ್ಲಿ ಉಜ್ಜಿ ನೋಡಿದರು. ಮುದ್ರೆ ಹೋಗಲಿಲ್ಲ.

"ನಂಗೊಂದು ಹಾಕಿ," ಎಂದರು. "ಸರ್ಕಾರದ ವಸ್ತು ಇರೋ ಗೋಡೆ ಮುಟ್ಟೋಕೆ ಜೆಸಿಬಿಯವ್ನೂ ಯೋಚ್ನೆ ಮಾಡ್ತಾನೆ."

ಉಳಿದವರೂ ತಮಗೊಂದು ಬೇಕು ಎಂದು ಮುತ್ತಿಕೊಂಡರು. ಒಂದು ಬೀದಿಗೆ ಒಂದೇ ಎಂದು ಹೇಳಿ ಪಾರಾದೆ. ಮುಂದಿನ ತಿಂಗಳು ಹೋಗಿ ನೋಡಿದರೆ, ಪೆಟ್ಟಿಗೆ ಸಿಗದವರೆಲ್ಲ ಕಾಂಪೌಂಡಿನ ಮೂಲೆಯಲ್ಲಿ ಒಂದೊಂದು ಗಣಪತಿ ಗುಡಿ ಕಟ್ಟಿಸಿದ್ದರು.

ಮುಂದಕ್ಕೆ ಕಂಡ್ಹಿಡೀಬೇಡಿ

ಎರಡನೆಯದು ಹೆಬ್ಬಾಳದಲ್ಲಿ, ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸ ಮಾಡುವವರ ಮನೆ. ಗಂಡ ಆಗ ತಾನೇ ಬಸ್ಸಿಳಿದು ಬಂದಿದ್ದ.

"ಯಾರ್ ಕಳಿಸಿದ್ದು ನಿಮ್ಮನ್ನ? ಎಚ್ಚಾರ್‌ನವ್ರಾ?"

"ಇಲ್ಲಪ್ಪ, ಯೂನಿವರ್ಸಿಟಿ."

"ಎಚ್ಚಾರ್‌ನವ್ರೂ ಅಂಗೇ ಅಂದ್ಕೊಂಡ್ ಬರ್ತಾರೆ. ಜ್ವರ ಅಂತ ರಜಾ ಆಕ್ದಾಗ ನಾನು ಮನೇಲಿ ಮಲ್ಗಿದ್ನಾ, ಇಲ್ಲಾ ಮ್ಯಾಚ್ ಆಡೋಕ್ ಹೋಗಿದ್ನಾ ಅಂತ ನೋಡೋಕೆ ತಾನೇ ಈ ಪೆಟ್ಗೆ?"

ನಾನು ಜ್ವರದ ಮಾತೂ ಎತ್ತಿರಲಿಲ್ಲ, ಮ್ಯಾಚಿನ ಮಾತೂ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅಡುಗೆಮನೆಯಿಂದ ಹೆಂಡತಿ ಕೈ ಒರೆಸಿಕೊಳ್ಳುತ್ತಾ ಬಂದಳು.

"ಮೇಡಮ್ಮೋರೇ, ಇವ್ರು ಮನೇಲವ್ರಾ ಇಲ್ವಾ ಅಂತ ಇದ್ಕೆ ಗೊತ್ತಾಗ್ತದಾ?"

"ಗೊತ್ತಾಗ್ತದಮ್ಮ."

"ಮನೇಲಿ ಇಲ್ದಾಗ ಎಲ್ಲವ್ರೆ ಅಂತ?"

"ಅದು ಗೊತ್ತಾಗಲ್ಲ."

"ಅಯ್ಯೋ, ಮನೇಲಿದ್ರೆ ನಂಗೇ ಕಾಣ್ಸಲ್ವಾ! ಅದ್ಕೂ ಪೆಟ್ಗೆ ಬೇಕಾ? ಶಿಫ್ಟ್ ಮುಗ್ದ್ಮೇಲೆ ಎಲ್ಲಿರ್ತಾರೆ ಅಂತ ಹೇಳೋದು ಕಂಡ್ಹಿಡೀರಿ, ನಾಲ್ಕು ಆಕುಸ್ತೀನಿ."

ಗಂಡ ಥಟ್ಟನೆ ನನ್ನ ಕೈಯಿಂದ ಪೆಟ್ಟಿಗೆ ಕಿತ್ತುಕೊಂಡು, ಸುತ್ತಿಗೆ ಹುಡುಕಿ, ತಾನೇ ಗೋಡೆಗೆ ಮೊಳೆ ಹೊಡೆದ.

"ಇದೇ ಚೆನ್ನಾಗದೆ ಮೇಡಂ. ಆರ್ ತಿಂಗ್ಳಲ್ಲ, ಆರ್ ವರ್ಷ ಇರ್ಲಿ. ಆದ್ರೆ ಇದ್ರಿಂದ ಮುಂದಕ್ಕೆ ಮಾತ್ರ ಏನೂ ಕಂಡ್ಹಿಡೀಬೇಡಿ."

ಬೇಗ ಏಳುವ ಹುಡುಗಿ

ಜಯಲಕ್ಷ್ಮಿಪುರಂನ ಮನೆಯಲ್ಲಿ ಗೇಟು ತಾನಾಗಿ ತೆರೆಯಿತು. ಅಲ್ಲೇ ನನಗೆ ಅನುಮಾನ ಬರಬೇಕಿತ್ತು. ಸೋಫಾದಲ್ಲಿ ಕೂರಿಸಿದರು, ಫ್ಯಾನು ಹಾಕಿದರು. ಮನೆಯಲ್ಲಿ ಯಾರ್‍ಯಾರಿದ್ದಾರೆ, ಯಾರು ಎಷ್ಟು ಹೊತ್ತಿಗೆ ಏಳುತ್ತಾರೆ, ಯಾರು ಯಾವ ಕೋಣೆಯಲ್ಲಿರುತ್ತಾರೆ ಎಂದು ನಾನು ಕೇಳುತ್ತಿದ್ದ ಹಾಗೆ ಯಜಮಾನಿಯ ಕಣ್ಣು ಅರಳಿತು. ಒಳಗೆ ಹೋದವರು ಕೇಸರಿಬಾತು, ಕಾಫಿ ತಂದರು. ಅಷ್ಟು ಗಟ್ಟಿ ಡಿಕಾಕ್ಷನ್ನಿನ ಕಾಫಿಯನ್ನು ಅಪರಿಚಿತರಿಗೆ ಯಾರೂ ಸುಮ್ಮನೆ ಕೊಡುವುದಿಲ್ಲ.

"ಮಗಳೇ ಮಾಡಿದ್ದು," ಎಂದರು. ಕೇಸರಿಬಾತಿನ ತಳದಲ್ಲಿ ಬೇಕರಿಯ ಕಾಗದ ಅಂಟಿಕೊಂಡಿತ್ತು. "ದಿನಾ ಐದು ಗಂಟೆಗೇ ಏಳ್ತಾಳೆ. ನಿಮ್ಮ ಪೆಟ್ಟಿಗೇನ ಅವಳ ರೂಮಿಗೇ ಹಾಕಿ. ನಮ್ಮಲ್ಲಿ ಮುಚ್ಚುಮರೆ ಏನಿಲ್ಲ."

ಹಾಕಿ ಬಂದೆ. ಕೆಲವು ವಾರ ಕಳೆದು ಪೆಟ್ಟಿಗೆಯಲ್ಲಿದ್ದ ಮಾಹಿತಿ ತೆಗೆದು ನೋಡಿದರೆ ವಿಚಿತ್ರವೋ ವಿಚಿತ್ರ. ಬೆಳಿಗ್ಗೆ ಐದಕ್ಕೆ ಆ ಕೋಣೆಯಲ್ಲಿ ಭಾರೀ ಓಡಾಟ. ಆಮೇಲೆ ಒಂಬತ್ತರ ತನಕ ಹುಳ ಕೂಡ ಅಲ್ಲಾಡಿಲ್ಲ. ಕೇಳಿಕೊಂಡು ಬರೋಣವೆಂದು ಹೋದೆ. ಗೇಟಿನ ಹತ್ತಿರವೇ ಮಗಳು ಆಕಳಿಸುತ್ತಾ ನನ್ನನ್ನು ಅಡ್ಡಗಟ್ಟಿದಳು.

"ಮೇಡಂ, ದಯವಿಟ್ಟು ಆ ಗಂಡಿನ ಕಡೆಯೋರು ಯಾರು ಅಂತ ಹೇಳ್ಬುಡಿ. ನಾನೇ ಬೇಡ ಅಂದ್ಬುಡ್ತೀನಿ. ದಿನಾ ಐದಕ್ಕೆ ಅಮ್ಮ ನನ್ನ ರೂಮಿಗೆ ಬಂದು, ನಿಮ್ಮ ಪೆಟ್ಟಿಗೆ ಮುಂದೆ ಕೈ ಬೀಸಿ ಬೀಸಿ ಹೋಗ್ತಾರೆ. ನಂಗೆ ನಿದ್ದೆಯೇ ಇಲ್ಲ!"

ಆಗ ಅರ್ಥವಾಯಿತು. ಸಂಬಂಧ ಕುದುರುವ ಮೊದಲು ಗಂಡಿನ ಕಡೆಯವರು ಗುಟ್ಟಾಗಿ ವಿಚಾರಿಸಲು ಕಳಿಸುತ್ತಾರಲ್ಲ, ಅಂಥವಳು ನಾನು! ತಾಯಿಯ ಎದುರು ಕೂತು, ನಾನು ಸಂಶೋಧಕಿ, ಯಾವ ಗಂಡಿನ ಕಡೆಯವಳೂ ಅಲ್ಲ ಎಂದು ದೇವರಾಣೆ ಮಾಡಿದೆ. ಅವರು ನನ್ನ ತೊಡೆ ತಟ್ಟಿ ನಕ್ಕರು.

"ಗೊತ್ತು ಬಿಡಮ್ಮ, ಹಾಗೇ ಹೇಳ್ಬೇಕು ಅಂತ ಹೇಳಿಕೊಟ್ಟಿರ್ತಾರೆ. ಅದಿರ್ಲಿ, ಹುಡುಗನಿಗೆ ಸ್ವಂತ ಮನೆ ಇದ್ಯಾ?"

ವಾರ್ತೆ ಓದುವ ಅತ್ತೆ

ನಾಲ್ಕನೆಯ ಮನೆ ಅದೇ ಬಡಾವಣೆಯ ಹಿಂದಿನ ಬೀದಿಯಲ್ಲಿ. ಅತ್ತೆ, ಸೊಸೆ, ಹಗಲೆಲ್ಲ ಅಂಗಡಿಯಲ್ಲಿರುವ ಮಗ. ಅತ್ತೆಯ ಬಾಯಿ ಬೀದಿಗೇ ಪ್ರಸಿದ್ಧ. ಸೊಸೆಯದೂ ಹಿಂದೆ ಬಿದ್ದಿರಲಿಲ್ಲ. ನಡುಮನೆಯ ಗೋಡೆಗೆ ಪೆಟ್ಟಿಗೆ ಹಾಕುವಾಗ ಇಬ್ಬರಿಗೂ ಒಟ್ಟಿಗೇ ಹೇಳಿದೆ, ಇದಕ್ಕೆ ಕಿವಿಯಿಲ್ಲ ಎಂದು. ಇಬ್ಬರೂ ತಲೆಯಾಡಿಸಿದರು. ನಂಬಿದ ಹಾಗೆ ಕಾಣಲಿಲ್ಲ.

ಮತ್ತೆ ಹೋದಾಗ ಮನೆ ತಪ್ಪಿ ಬಂದೆನೋ ಎನಿಸಿತು. ಅತ್ತೆ ರೇಡಿಯೋದಲ್ಲಿ ವಾರ್ತೆ ಓದುವವರ ಹಾಗೆ ಮಾತಾಡುತ್ತಿದ್ದರು. "ಸಾರಿಗೆ ಉಪ್ಪು ಸ್ವಲ್ಪ ಹೆಚ್ಚಾಗಿದೆ. ಚಿಂತೆಯಿಲ್ಲ, ಮೊಸರು ಬೆರೆಸಿಕೊಳ್ಳುತ್ತೇನೆ." ಸೊಸೆ ಪೆಟ್ಟಿಗೆಯ ಕಡೆ ಒಮ್ಮೆ ನೋಡಿ, "ಕ್ಷಮಿಸಿ ಅತ್ತೆ, ನಾಳೆ ಸರಿಮಾಡುತ್ತೇನೆ," ಎಂದಳು. ಮಗ ನನ್ನನ್ನು ಮೂಲೆಗೆ ಕರೆದು, "ಮೇಡಂ, ಇವರಿಬ್ರಿಗೂ ಏನ್ಮಾಡಿದ್ರಿ? ನಂಗೆ ಭಯ ಆಗ್ತಿದೆ," ಎಂದ.

ಆರು ತಿಂಗಳು ಮುಗಿದು ಪೆಟ್ಟಿಗೆ ಬಿಚ್ಚಲು ಹೋದಾಗ ಸೊಸೆ ಹಿತ್ತಲಿಗೆ ಕರೆದುಕೊಂಡು ಹೋದಳು. "ಅಕ್ಕಾ, ಬಿಚ್ಚಬೇಡಿ. ಅದಕ್ಕೆ ಕಿವಿ ಇಲ್ಲ ಅಂತ ನಂಗೊತ್ತು. ಆದ್ರೆ ಅತ್ತೆಗೆ ಗೊತ್ತಿಲ್ಲ." ಅವಳ ಕಣ್ಣಲ್ಲಿ ನೀರಿತ್ತು. ಮುಂಬಾಗಿಲಿಗೆ ಬಂದರೆ ಅಲ್ಲಿ ಅತ್ತೆ ಕಾಯುತ್ತಿದ್ದರು. "ಇದ್ದುಕೊಳ್ಳಲಿ ಬಿಡಮ್ಮ," ಎಂದು ಪಿಸುಗುಟ್ಟಿದರು. "ಕೇಳಿಸಲ್ಲ ಅಂತ ನಂಗೊತ್ತು ಕಣೆ. ಅವಳಿಗೆ ಗೊತ್ತಿಲ್ಲ."

ಯಂತ್ರ ಬಿಚ್ಚಿಕೊಂಡು ಖಾಲಿ ಡಬ್ಬ ಮಾತ್ರ ಅದೇ ಮೊಳೆಗೆ ತೂಗುಹಾಕಿ ಬಂದೆ. ನನಗೂ ಕಣ್ಣು ಒದ್ದೆಯಾಗಿತ್ತು. ಈಗ ಶುಕ್ರವಾರ ಶುಕ್ರವಾರ ಇಬ್ಬರೂ ಸೇರಿ ಅದಕ್ಕೆ ಹೂವು ಮುಡಿಸುತ್ತಾರಂತೆ.

ವೈವಾ

ನಾಲ್ಕು ಮನೆಯೂ ಕೈಕೊಡಲಿಲ್ಲ. ಆದರೆ ನಾಲ್ಕು ಮನೆಯಲ್ಲೂ ಒಬ್ಬರೂ ಪೆಟ್ಟಿಗೆಯನ್ನು ಮರೆಯಲಿಲ್ಲವಲ್ಲ! ಗೈಡ್ ಹೇಳಿದ್ದಕ್ಕೆ ಪೂರಾ ಉಲ್ಟಾ. ಕಂಡದ್ದನ್ನೇ ಬರೆದೆ. ಮೈಸೂರಿನಲ್ಲಿ ಗೋಡೆಗೆ ಬುದ್ಧಿ ಬಂದರೆ ಮನುಷ್ಯರು ಅದನ್ನು ಮರೆಯುವುದಿಲ್ಲ, ಅದರ ಎದುರು ನಾಟಕ ಆಡುತ್ತಾರೆ ಎಂದು ಬರೆದೆ. ಗೈಡ್ ಸಹಿ ಹಾಕಿದರು. ಹಾಕುವಾಗ ನನ್ನ ಮುಖ ನೋಡಲಿಲ್ಲ.

ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ಮೇಜು ಗುದ್ದಿ ಶುರುಮಾಡಿದರು. "ಜನ ಮರೀತಾರೆ ಅನ್ನೋದು ಜಗತ್ತೇ ಒಪ್ಪಿರೋ ಮಾತು. ನಿಮ್ಮೋರು ಮರೀಲಿಲ್ಲ ಅಂದ್ರೆ ತಪ್ಪು ನಿಮ್ದು. ಏನ್ರೀ ಇದು, ಸಂಶೋಧನೆನೋ, ಪಕ್ಕದ್ಮನೆ ಪುರಾಣಾನೋ? ಪೂರ್ತಿ ತಿದ್ದಿ ಮತ್ತೆ ತನ್ನಿ!"

ಮತ್ತೆ ತರಲು ನನಗೆ ಕಾಲಾವಕಾಶವೇ ಇರಲಿಲ್ಲ. ಗೈಡ್ ಕಡೆ ನೋಡಿದೆ. ಅವರು ಸೂರು ನೋಡುತ್ತಿದ್ದರು. ಅಧ್ಯಕ್ಷರು ಪಕ್ಕದವರ ಕಿವಿಯಲ್ಲಿ, ತಿಂಡಿಗೆ ವಡೆ ಹೇಳಿದ್ದೀರಾ ಎಂದು ವಿಚಾರಿಸುತ್ತಿದ್ದರು. ಇಷ್ಟು ವರ್ಷದ ಪಾಡು ವಡೆಯ ಮಾತಿನಲ್ಲಿ ಮುಗಿಯಿತಲ್ಲ ಎಂದು ಅಳು ಬಂತು.

"ಎಲ್ಲಿ, ತೋರ್ಸಿ ಆ ಪೆಟ್ಟಿಗೆ," ಎಂದು ಪರೀಕ್ಷಕರು ಗುಡುಗಿದರು.

ಬ್ಯಾಗಿನಿಂದ ತೆಗೆದು, ಚಾಲೂ ಮಾಡಿ, ಅವರ ಮುಂದಿಟ್ಟೆ. ಹಸಿರು ದೀಪ ಮಿಣುಕಿತು. ಬಯ್ಯಲು ತೆರೆದ ಅವರ ಬಾಯಿ ಹಾಗೇ ನಿಂತಿತು.

"ಇದು... ಈಗ ಕೆಲ್ಸ ಮಾಡ್ತಿದ್ಯಾ?"

"ಮಾಡ್ತಿದೆ ಸರ್. ಇದಕ್ಕೆ ಕಿವಿ ಇಲ್ಲ. ಎರಡನೇ ಅಧ್ಯಾಯದಲ್ಲೇ ಬರೆದಿದ್ದೀನಿ."

"ಓದಿದ್ದೇನೆ," ಎಂದರು ಪೆಟ್ಟಿಗೆಯ ಕಡೆ ಬಾಗಿ, ಗಟ್ಟಿಯಾಗಿ, ಬಿಡಿಸಿ ಬಿಡಿಸಿ. "ಎಲ್ಲಾ ಅಧ್ಯಾಯಗಳನ್ನೂ ಕೂಲಂಕಷವಾಗಿ ಓದಿದ್ದೇನೆ."

ಕೋಟಿನ ಗುಂಡಿ ಹಾಕಿಕೊಂಡರು. "ಅಭ್ಯರ್ಥಿಯು ಪ್ರಚಲಿತ ಸಿದ್ಧಾಂತವನ್ನು ಪ್ರಶ್ನಿಸುವ ದಿಟ್ಟತನವನ್ನು ತೋರಿದ್ದಾರೆ." ಅಧ್ಯಕ್ಷರು ವಡೆಯ ವಿಚಾರ ಬಿಟ್ಟು ಬೆನ್ನು ನೆಟ್ಟಗೆ ಮಾಡಿದರು. ಗೈಡ್ ಸೂರಿನಿಂದ ಇಳಿದು, ಅಷ್ಟು ವರ್ಷದಲ್ಲಿ ಮೊದಲ ಸಲ ನನಗೆ ಬಹುವಚನ ಕೊಟ್ಟು, "ಇವರು ಅತ್ಯಂತ ಶ್ರಮಜೀವಿಗಳು," ಎಂದರು. ಪ್ರತಿಯೊಬ್ಬರೂ ನನ್ನ ಬಗ್ಗೆ ಹೇಳುತ್ತಿದ್ದರು, ಒಬ್ಬರೂ ನನ್ನನ್ನು ನೋಡುತ್ತಿರಲಿಲ್ಲ. ಪದವಿಗೆ ಶಿಫಾರಸು ಮಾಡಿದ್ದೇವೆ ಎಂದು ಅಧ್ಯಕ್ಷರು ಪೆಟ್ಟಿಗೆಗೆ ಘೋಷಿಸಿದರು. ಚಪ್ಪಾಳೆ ಬಿತ್ತು.

ಎಲ್ಲರೂ ತಿಂಡಿಗೆ ಎದ್ದುಹೋದರು. ನಾನು ಸಾಮಾನು ಎತ್ತಿಡುತ್ತಿದ್ದೆ. ಪರೀಕ್ಷಕರು ಒಬ್ಬರೇ ಹಿಂದಿರುಗಿ ಬಂದರು. ಬಾಗಿಲು ಮುಂದೆ ಮಾಡಿ, ಬಾಯಿಗೆ ಕೈ ಅಡ್ಡ ಹಿಡಿದು, ನನ್ನ ಕಿವಿಯ ಹತ್ತಿರ ಬಗ್ಗಿದರು.

"ಮೊದ್ಲು ಸ್ವಲ್ಪ ಜೋರಾಗಿ ಮಾತಾಡ್ಬುಟ್ಟೆ ಕಣಮ್ಮ. ಬ್ಯಾಗಲ್ಲಿದ್ರೂ ಕೇಳಿಸ್ಕೊಂಡಿರ್ತದೆ. ಅದಿಷ್ಟನ್ನ ಅಳಿಸ್ಬುಡು."

ಕಿವಿಯಿಲ್ಲ, ಕಿವಿಯಿಲ್ಲ ಎಂದು ಕಂಡಕಂಡವರ ಮುಂದೆ ನಿಜ ಹೇಳಿ ಹೇಳಿ ನನ್ನ ಗಂಟಲು ಒಣಗಿಹೋಗಿತ್ತು. ಪೆಟ್ಟಿಗೆಗೆ ಇದ್ದದ್ದೇ ಒಂದು ಗುಂಡಿ. ಅದನ್ನು ಒತ್ತಿದೆ. ದೀಪ ಆರಿತು.

"ಅಳಿಸ್ದೆ ಸರ್," ಎಂದೆ.