ಗೋಧಿ ನಡೆಯದ ಮನೆದೇವರು

ನಮ್ಮ ಮನೆಯವರ ಕಾಕಾ ಮದುವೆಯಾದದ್ದು ಒಬ್ಬ ಹೆಂಗಸನ್ನು, ಸಂಸಾರ ಮಾಡಿದ್ದು ಗೋಧಿಯ ಜೊತೆ! ಬಾಯಿಗೆ ಬಂದದ್ದು ಹೇಳುತ್ತಿದ್ದೇನೆ ಅನ್ನುತ್ತೀರಾ? ಆ ಹೆಂಡತಿ, ನಮ್ಮ ಕಾಕು, ತೀರಿಕೊಂಡಾಗ ಕಾಕಾ ದಿನಕರ್ಮ ಮುಗಿದ ಮರುದಿನವೇ ಎಂಟು ಗಂಟೆಯ ಲೋಕಲ್ ಹಿಡಿದು ಆಫೀಸಿಗೆ ಹೋದರಂತೆ. ಅದೇ ಕಾಕಾ, ರೇಶನ್ ಅಂಗಡಿಯವನು "ಈ ವಾರ ಗೋಧಿ ಇಲ್ಲ, ಜೋಳ ಒಯ್ಯಿರಿ" ಅಂದ ದಿನ ಹಾಸಿಗೆ ಹಿಡಿದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಹಣೆಯ ಮೇಲೆ ಒದ್ದೆ ಬಟ್ಟೆ ಬೇರೆ!

ಮುಂಬಯಿಯ ಭಾಂಡುಪಿನಲ್ಲಿ, ಸಾಲುಮನೆಗಳ ಚಾಳಿನಲ್ಲಿದ್ದ ನಮ್ಮ ಎರಡು ಖೋಲಿಯ ಮನೆಗೆ ಕಾಕಾ ಬಂದದ್ದು "ಎಂಟು ದಿನ ಇದ್ದು ಹೋಗ್ತೀನಿ" ಅಂತ. ಆ ಎಂಟು ದಿನ ಮುಗಿಯುವುದರೊಳಗೆ ನನ್ನ ಮದುವೆಯಾಗಿ, ನನಗೊಂದು ಮಗಳು ಹುಟ್ಟಿ, ಆ ಮಗಳಿಗೆ ಹಲ್ಲೂ ಬಂದವು. ಅವರಿಗೆ ಮಕ್ಕಳಿರಲಿಲ್ಲ. ಫೋರ್ಟಿನಲ್ಲಿ ಅರಿವೆ ವ್ಯಾಪಾರಿಯೊಬ್ಬನ ಪೇಢಿಯಲ್ಲಿ ಗುಮಾಸ್ತರಾಗಿದ್ದರು. ಹುಟ್ಟಿದ್ದು ವಿಜಾಪುರದ ಕಡೆಯ ಹಳ್ಳಿ. ಅಲ್ಲಿ ಮಂದಿ ಮೂರು ಹೊತ್ತೂ ಜೋಳದ ರೊಟ್ಟಿ ತಿಂದು, ಗೋಧಿಯನ್ನು ಹಬ್ಬಕ್ಕೆ, ಬೀಗರಿಗೆ ಅಂತ ಎತ್ತಿಡುತ್ತಾರೆ. ಕಾಕಾ ಬೋರಿಬಂದರ್ ಸ್ಟೇಶನ್ನಿನಲ್ಲಿ ಇಳಿದ ದಿನವೇ, ಇನ್ನು ಮೇಲೆ ತಮ್ಮ ಬಾಳೆಲ್ಲ ಹಬ್ಬ ಅಂತ ನಿಶ್ಚಯ ಮಾಡಿಬಿಟ್ಟರು. ಜೋಳ ಮುಟ್ಟುವುದನ್ನೇ ಬಿಟ್ಟರು.

"ನೋಡವಾ, ಜ್ವಾಳಾ ತಿಂದ್ರ ಎತ್ತಿನ ಬುದ್ಧಿ ಬರ್ತದ. ಗೋಧಿ ತಿಂದ್ರ ಸಾಹೇಬರ ಬುದ್ಧಿ."

"ಹಂಗಾದ್ರ ನಿಮಗ ಯಾವಾಗ ಬರ್ತದ್ರಿ ಕಾಕಾ?" ಅಂತ ಕೇಳಲು ನಾಲಿಗೆ ತುದಿಯವರೆಗೂ ಬರುತ್ತಿತ್ತು. ನುಂಗಿಕೊಳ್ಳುತ್ತಿದ್ದೆ. ಹೊಸ ಸೊಸೆಯಲ್ಲವೇ!

ಅಂಗಡಿಗೆ ಹೋದರೆ ಒಂದೊಂದು ಚೀಲದಿಂದ ಒಂದೊಂದು ಕಾಳು ತೆಗೆದು, ಹಲ್ಲಿನಡಿ ಇಟ್ಟು ಕಡಿದು, ಕಣ್ಣು ಮುಚ್ಚಿ ಸಪ್ಪಳ ಕೇಳುವರು. ಯಾವ ಕಾಳಿನ ಸಪ್ಪಳವೂ ಒಂದೇ ಸಲಕ್ಕೆ ಪಾಸಾಗುತ್ತಿರಲಿಲ್ಲ. ಕೊನೆಗೆ ಗುಜರಾತಿ ಅಂಗಡಿಯವನು ಅವರು ದೂರದಲ್ಲಿ ಬರುವುದನ್ನು ಕಂಡರೆ ಚೀಲಗಳ ಬಾಯಿ ಕಟ್ಟತೊಡಗಿದ. ಮನೆಯಲ್ಲಿ ನಾನು ಮಾಡಿದ ಚಪಾತಿಯನ್ನು ಎರಡೂ ಕೈಯಿಂದ ಎತ್ತಿ ಕಿಟಕಿಯ ಬೆಳಕಿಗೆ ಹಿಡಿಯುವರು. ಅದರೊಳಗಿಂದ ಎದುರಿನ ಬಿಲ್ಡಿಂಗು ಕಾಣಬೇಕು! ಕಾಣದಿದ್ದರೆ "ಇದು ಚಪಾತಿ ಅಲ್ಲವಾ, ಕಂಬಳಿ" ಅಂತ ಪಕ್ಕಕ್ಕಿಟ್ಟು, ಆಮೇಲೆ ಅದನ್ನೂ ಬಿಡದೆ ತಿನ್ನುವರು.

ಇಂಥವರಿದ್ದ ಮನೆಯಲ್ಲಿ ನನ್ನ ಮಗಳು ಸುಧಾ ಕಾಯಿಲೆ ಬಿದ್ದಳು ನೋಡಿ.

ಒಂದು ವರ್ಷದ ತನಕ ದುಂಡಗೆ ಚೆನ್ನಾಗಿಯೇ ಇತ್ತು ಕೂಸು. ಊಟ ಹಿಡಿಸಿದ ಮೇಲೆ ಶುರುವಾಯಿತು ಭೇದಿ. ಕೈಕಾಲು ಬಡಕಲಾದವು, ಹೊಟ್ಟೆ ಮಾತ್ರ ಉಬ್ಬಿ ನಿಂತಿತು. ಎರಡು ತುಂಬುತ್ತ ಬಂದರೂ ಗೋಡೆ ಹಿಡಿದು ನಿಲ್ಲುವ ಶಕ್ತಿಯಿಲ್ಲ. ನಗುವುದನ್ನೇ ಮರೆತಿತ್ತು. ಭಾಂಡುಪಿನ ಡಾಕ್ಟರು ಕೊಟ್ಟ ಬಾಟ್ಲಿ ಔಷಧವೆಲ್ಲ ಒಳಗೆ ಹೋದಂತೆಯೇ ಹೊರಗೆ ಬಂತು.

ಕಾಕಾನ ಹತ್ತಿರ ಮದ್ದು ಸಿದ್ಧವಿತ್ತು. ಏನು ಅಂತ ಹೇಳಬೇಕೇ? ಗೋಧಿ ಸತ್ವ! ಗೋಧಿಯನ್ನು ದಿನಗಟ್ಟಲೆ ನೆನೆಹಾಕಿ, ರುಬ್ಬಿ, ಹಿಂಡಿ, ತಿಳಿಯಾದ ಹಾಲನ್ನು ಒಣಗಿಸಿ ಮಾಡುವ ಪುಡಿ. ಅಶಕ್ತ ಮಕ್ಕಳಿಗೆ ಅಮೃತ ಅಂತ ನಮ್ಮ ಕಡೆಯ ಎಲ್ಲರ ನಂಬಿಕೆ. ಕಾಕಾ ರಜೆ ಹಾಕಿ ಕೂತು ತಾವೇ ಮಾಡಿದರು. ಚಾಳಿನ ಗ್ಯಾಲರಿಯ ತುಂಬ ತಮ್ಮ ಧೋತರ ಹಾಸಿ ಒಣಗಲಿಟ್ಟು, ಕಾಗೆ ಕಾಯುತ್ತ ಇಡೀ ದಿನ ಛತ್ರಿ ಹಿಡಿದು ಕೂತರು. ಮಗು ಆ ಸತ್ವ ಕುಡಿದಷ್ಟೂ ಬತ್ತಿತು. ಮಗು ಬತ್ತಿದಷ್ಟೂ ಇವರು ಇನ್ನೊಂದು ಚಮಚ ಹೆಚ್ಚು ಹಾಕಿದರು. ನಾವೂ ಅದನ್ನೇ ಕುಡಿಸಿದೆವು. ಯಾರಿಗೆ ಗೊತ್ತಿತ್ತು?

ಕೊನೆಗೆ ಯಾರೋ ಹೇಳಿದರೆಂದು ದಾದರಿನ ಒಬ್ಬ ಮಕ್ಕಳ ಡಾಕ್ಟರ ಹತ್ತಿರ ಒಯ್ದೆವು. ವಿಲಾಯತಿಯಲ್ಲಿ ಕಲಿತು ಆಗಷ್ಟೇ ಬಂದವರು. ಮಗುವಿನ ಹೊಟ್ಟೆ ಮುಟ್ಟಿ ನೋಡಿ, ಏನೇನು ತಿನ್ನಿಸುತ್ತೀರಿ ಅಂತ ಒಂದೊಂದಾಗಿ ಕೇಳಿ, "ಇವತ್ತಿನಿಂದ ಗೋಧಿ ಪೂರ್ತಿ ಬಂದ್. ಗೋಧಿಯಲ್ಲಿ ಗ್ಲೂಟೆನ್ ಅಂತ ಒಂದು ಅಂಟು ಇರುತ್ತೆ. ಈ ಮಗುವಿನ ಕರುಳಿಗೆ ಅದೇ ವಿಷ. ಹೊರದೇಶದಲ್ಲಿ ಇತ್ತೀಚೆಗೆ ಕಂಡುಹಿಡಿದಿದ್ದಾರೆ" ಅಂದರು. ಮಾತೆಲ್ಲ ಮರಾಠಿಯಲ್ಲಿ ನಡೆಯಿತು. ಜೊತೆಗೆ ಬಂದಿದ್ದ ಕಾಕಾನ ಮುಖ ನೋಡಬೇಕಿತ್ತು. ಸ್ವಂತ ಅಣ್ಣನನ್ನು ಕಳ್ಳ ಅಂದಂತಾಗಿತ್ತು ಅವರಿಗೆ.

"ಚಪಾತಿ ಬ್ಯಾಡ, ತಿಳೀತು. ಪಾವ್?" ಅಂದರು.

"ಬೇಡ."

"ಬಿಸ್ಕೀಟು?"

"ಬೇಡ."

"ರವಾದ ಉಪ್ಪಿಟ್ಟು ನಡೀತದಲ್ಲ? ಅದು ರವಾ, ಗೋಧಿ ಅಲ್ಲ."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ರವಾ ಎಲ್ಲಿಂದ ಬರುತ್ತೆ ಆಜೋಬಾ?"

"ಅಂಗಡಿಯಿಂದ," ಅಂದರು ಕಾಕಾ!

ಅಷ್ಟಕ್ಕೇ ಬಿಟ್ಟರೇ? ಮರುದಿನ ಭಾನುವಾರ. ಮೊರದಲ್ಲಿ ಗೋಧಿ ಹರವಿಕೊಂಡು, ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಬಾಗಿಲಲ್ಲಿ ಕೂತರು. ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ಸಂಜೆ ಮೊರ ತಂದು ನನ್ನ ಮುಂದಿಟ್ಟು, "ತಗೋವಾ, ಅದೇನೋ ಗ್ಲೂಟೆನ್ ಅಂದ್ನಲ್ಲ ಆ ಡಾಕ್ಟರ, ಎಲ್ಲಾ ಆರಿಸಿ ತಗದೀನಿ" ಅಂದರು. ಪಕ್ಕದ ಬಟ್ಟಲಿನಲ್ಲಿ ನಾಲ್ಕು ಹರಳು, ಒಂದಿಷ್ಟು ಹೊಟ್ಟು, ಒಂದು ಸತ್ತ ಹುಳ. ಇಂಥ ಮನುಷ್ಯನಿಗೆ ಏನು ಹೇಳುವುದು ಹೇಳಿ!

ನಾನೂ ಹಟಕ್ಕೆ ಬಿದ್ದೆ. ಮನೆಯ ಗೋಧಿ, ರವೆ, ಶಾವಿಗೆ ಎಲ್ಲ ಕಟ್ಟಿ ನೆರೆಮನೆಯ ಉಡುಪಿ ಅಮ್ಮನಿಗೆ ಕೊಟ್ಟುಬಿಟ್ಟೆ. ಮನೆಯಲ್ಲಿ ಅನ್ನ, ಬಾಳೆಹಣ್ಣು, ಜೋಳದ ರೊಟ್ಟಿ. ನಾನು ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ಕಾಕಾ ಮಣೆಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕೂತು ಬರೀ ಅನ್ನ ಉಣ್ಣುವರು. ಗೋಧಿಯ ಋಣ ತೀರಿಸಲು ಫೋರ್ಟಿನ ಉಡುಪಿ ಹೋಟೆಲಿತ್ತಲ್ಲ. ಸಂಜೆ ಮನೆಗೆ ಬರುವಾಗ ಅವರ ಅಂಗಿಗೆ ಪೂರಿಯ ವಾಸನೆ! ನಮ್ಮ ಮನೆಯವರಿಗೆ ಹೇಳಿದರೆ, "ಹೋಗ್ಲಿ ಬಿಡು, ಹೊರಗ ತಿಂತಾರ" ಅಂತ ಪೇಪರಿನೊಳಗೆ ತಲೆ ಹಾಕುವರು. ಆ ಪೇಪರಿನಲ್ಲಿ ಅದೇನು ಅಷ್ಟು ಓದುತ್ತಿದ್ದರೋ!

ಮಗು ಮಾತ್ರ ಚೇತರಿಸಿಕೊಳ್ಳತೊಡಗಿತು. ಭೇದಿ ನಿಂತಿತು. ಒಂದು ದಿನ ಗೋಡೆ ಹಿಡಿದು ನಿಂತಿತು, ನಿಂತದ್ದಕ್ಕೆ ತಾನೇ ನಕ್ಕಿತು. ನಾನು ಒಲೆಯ ಮುಂದೆ ಕೂತು ಅತ್ತುಬಿಟ್ಟೆ.

ಆಗ ಬಂತು ಚಾಳಿನಲ್ಲಿ ಸತ್ಯನಾರಾಯಣ ಪೂಜೆ. ಸತ್ಯನಾರಾಯಣನ ಪ್ರಸಾದವೆಂದರೆ ರವೆಯ ಶಿರಾ. ನಾನು ನೀರು ತುಂಬಲು ನಲ್ಲಿಗೆ ಹೋಗಿದ್ದೆ. ಕಾಕಾ ಮಗುವನ್ನು ಎತ್ತಿಕೊಂಡು ಹೋಗಿ, ಅಂಗೈ ತುಂಬ ಶಿರಾ ತಿನ್ನಿಸಿ ಕರೆತಂದರು. ಹಿಂಗ್ಯಾಕ ಮಾಡಿದ್ರಿ ಅಂದರೆ, "ದೇವರ ಪ್ರಸಾದದಾಗ ಗೋಧಿ ಗೀದಿ ಅಂತ ಇರ್ತದೇನವಾ? ಒಲ್ಲೆ ಅಂದ್ರ ಕೂಸಿಗೆ ಛೊಲೋ ಅಲ್ಲ" ಅಂದರು.

ಕೂಸಿಗೆ ಛೊಲೋ ಆಗಲಿಲ್ಲ. ಎರಡೇ ದಿನದಲ್ಲಿ ಮತ್ತೆ ಅದೇ ಭೇದಿ, ಅದೇ ಉಬ್ಬಿದ ಹೊಟ್ಟೆ. ಗೋಡೆ ಹಿಡಿದಿದ್ದ ಕೈ ಮತ್ತೆ ಕೆಳಗೆ ಬಿತ್ತು. ಡಾಕ್ಟರು ಸಿಟ್ಟು ಮಾಡಲಿಲ್ಲ, ಅದೇ ನನಗೆ ಹೆದರಿಕೆಯಾದದ್ದು. "ಇನ್ನೊಂದು ಸಲ ಹೀಗಾದರೆ ಮಗು ತಡೆಯೋದು ಕಷ್ಟ" ಅಂತ ಮೆಲ್ಲಗೆ ಹೇಳಿದರು.

ಮನೆಗೆ ಬಂದವಳು ಚಾಳಿಗೆಲ್ಲ ಕೇಳುವ ಹಾಗೆ ಕೂಗಿದೆ. "ನಿಮಗ ಗೋಧಿ ದೊಡ್ಡದೋ, ನನ್ನ ಮಗಳು ದೊಡ್ಡಾಕಿನೋ? ಇವತ್ತ ಹೇಳಿಬಿಡ್ರಿ!" ಕಾಕಾ ಚಪ್ಪಲಿ ಮೆಟ್ಟಿಕೊಂಡು ಸ್ಟೇಶನ್ನಿನ ಕಡೆ ಹೋದರು. ಪೂರಿ ತಿನ್ನಲು ಹೋದರು ಅಂತಲೇ ನಾನು ತಿಳಿದೆ.

ಆದರೆ ಕಾಕಾನೊಬ್ಬರನ್ನು ಕಾದರೆ ಮುಗಿಯಿತೇ? ಇಡೀ ಚಾಳಿಗೆ ಚಾಳೇ ನನ್ನ ಮಗಳ ಬಾಯಿಗೆ ಏನಾದರೊಂದು ತುರುಕಲು ಕಾದಿತ್ತು. ಒಬ್ಬಳು ಬಿಸ್ಕೀಟು, ಒಬ್ಬಳು ಪಾವಿನ ಚೂರು. ಗಣಪತಿ ಹಬ್ಬದ ದಿನ ಹೆಂಗಸರೆಲ್ಲ ಕರಿದ ಮೋದಕದ ತಾಟು ಹಿಡಿದು ನಮ್ಮ ಬಾಗಿಲಿಗೇ ಬಂದರು. ಗೋಧಿ ಹಿಟ್ಟಿನವು. ಮಗಳಿಗೆ ಗೋಧಿಯಿಂದಲೇ ರೋಗ ಅಂದೆ. ಎಲ್ಲರೂ ನಕ್ಕರು. "ಗೋಧಿಯಿಂದ ರೋಗ ಬರ್ಲಿಕ್ಕುಂಟಾ ಮಾರಾಯ್ತಿ? ಪ್ರಸಾದಕ್ಕೆ ಬೇಡ ಅಂತ ಹೇಳ್ಬಾರ್ದು, ಒಂದು ಚೂರು ಕೊಡು" ಅಂತ ಉಡುಪಿ ಅಮ್ಮ ಮೋದಕ ಮುರಿದೇಬಿಟ್ಟರು. ಸುಧಾ ಬಾಯಿ ತೆರೆದಳು. ಪಾಪ, ಅವಳಿಗೇನು ಗೊತ್ತು?

"ತಡೀರಿ!"

ನೋಡಿದರೆ ಕಾಕಾ! ಆಫೀಸಿನಿಂದ ಬಂದವರು ಬಾಗಿಲಲ್ಲಿ ನಿಂತಿದ್ದಾರೆ. ಛತ್ರಿ ಕೆಳಗೆ ಬಿತ್ತು, ಎರಡೂ ಕೈಯಿಂದ ಗಲ್ಲ ಬಡಿದುಕೊಂಡರು. "ನಮ್ಮ ಮನಿದೇವರಿಗೆ ಗೋಧಿ ನಡಿಯೂದಿಲ್ಲ! ನಮ್ಮ ಮುತ್ಯಾನ ಮುತ್ಯಾ ಹರಕಿ ಹೊತ್ತು ಬಿಟ್ಟದ್ದು. ಈ ಮನಿತನದಾಗ ಹುಟ್ಟಿದವರು ಗೋಧಿ ಮುಟ್ಟಬಾರ್ದು!"

ಹೆಂಗಸರ ಕೈ ಹಾಗೇ ನಿಂತವು. ನನ್ನ ಬಾಯಿಯೂ ತೆರೆದೇ ಇತ್ತು. ಒಬ್ಬಳು ಮಾತ್ರ ಚುರುಕಿನವಳು, "ಮತ್ತೆ ನೀವು ಇಷ್ಟು ವರ್ಷ ಚಪಾತಿ ತಿಂದಿರಲ್ಲ ಕಾಕಾ?" ಅಂದಳು.

"ಅದಕ್ಕ ಈ ಕೂಸಿಗೆ ಹಿಂಗಾತು!" ಅಂದರು ಕಾಕಾ. "ಮುಂಬಯಿಗೆ ಬಂದು ನಾ ದೊಡ್ಡ ಸಾಹೇಬ ಆದೆ. ತಪ್ಪಿ ನಡದಾಂವ ನಾನು. ಕಾಡಿದ್ದು ಈ ಕೂಸಿಗೆ."

ತಾಟುಗಳೆಲ್ಲ ಮರಳಿ ಹೋದವು. ವಿಲಾಯತಿ ಡಾಕ್ಟರ ಮಾತಿಗೆ ನಕ್ಕವರು ಇಲ್ಲದ ದೇವರಿಗೆ ಕೈ ಮುಗಿದರು! ಮರುದಿನದಿಂದ ಚಾಳಿನವರೇ ಮಗಳಿಗೆ ಕಾವಲು. ಯಾರಾದರೂ ಬಿಸ್ಕೀಟು ತೋರಿಸಿದರೆ "ಅಗಂ, ತ್ಯಾಂಚ್ಯಾ ದೇವಾಲಾ ಚಾಲತ್ ನಾಹೀ" , ಅವರ ದೇವರಿಗೆ ನಡೆಯುವುದಿಲ್ಲ ಕಣೇ, ಅಂತ ನಾಲ್ಕು ಬಾಯಿ ಒಟ್ಟಿಗೆ ಬೈಯುತ್ತಿದ್ದವು. ಕಾಕಾ ಹುಟ್ಟಿಸಿದ ದೇವರು ಅವರೆಲ್ಲರ ಬಾಯಲ್ಲಿ ಮರಾಠಿ ಕಲಿತಿದ್ದ.

ಹಬ್ಬದ ಆ ರಾತ್ರಿ ಊಟಕ್ಕೆ ಕೂತಾಗ ಕಾಕಾ ಮಣೆಯನ್ನು ಗೋಡೆಗೆ ತಿರುಗಿಸಲಿಲ್ಲ. "ಒಂದು ರೊಟ್ಟಿ ಹಾಕವಾ" ಅಂದರು. ತಿನ್ನುವಾಗ ಮುಖ ನೋಡಿದರೆ ಬೇವಿನ ಕಷಾಯ ಕುಡಿಯುತ್ತಿದ್ದಾರೆ ಅನ್ನಬೇಕು! ಇದನ್ನು ಎತ್ತಿಗೂ ಹಾಕಬಾರದು ಅಂತ ಗೊಣಗುತ್ತ ಎರಡನೆಯದನ್ನೂ ಹಾಕಿಸಿಕೊಂಡರು. ಮಗಳು ಅವರ ತಾಟಿಗೇ ಕೈ ಹಾಕಿ ಚೂರು ಮುರಿದು ತಿಂದಳು.

ಈ ನಾಟಕ ಮನೆಯಲ್ಲಿ ಮಾತ್ರ ಅಂತ ನನ್ನ ಗುಮಾನಿ. ಉಡುಪಿ ಅಮ್ಮನ ಯಜಮಾನರು ಕಾಕಾ ಹೋಗುವ ಆ ಫೋರ್ಟಿನ ಹೋಟೆಲಿನಲ್ಲೇ ಗಲ್ಲಾದಲ್ಲಿ ಕೂರುವವರು. ಒಂದು ದಿನ ಕೇಳಿಯೇಬಿಟ್ಟೆ. "ಪೂರಿಯಾ? ಅವರು ಈಗ ಅನ್ನ ಸಾರು ಮಾತ್ರ ಮಾರಾಯ್ರೆ. ಪಕ್ಕದವರ ಪೂರಿ ಉಬ್ಬುದನ್ನು ನೋಡ್ತಾ ಕೂತ್ಕೊಳ್ತಾರೆ, ಮುಟ್ಟುದಿಲ್ಲ" ಅಂದರು.

ಸಂಜೆ ಕಾಕಾ ಬಂದಾಗ ಹೇಳಿದೆ: "ಅಲ್ರಿ ಕಾಕಾ, ಫೋರ್ಟಿನಾಗ ಯಾರು ನೋಡ್ತಾರ? ತಿನ್ನಬಾರದೇನ್ರಿ?"

"ದೇವರು ನೋಡೂದಿಲ್ಲೇನು?"

"ಯಾವ ದೇವರ್ರಿ? ನೀವ ಹುಟ್ಟಿಸಿದ್ದಲ್ಲ!"

"ಹುಟ್ಟಿಸಿದಾಂವ ನಡಸ್ಕೊಂಡು ಹೋಗಬೇಕಲ್ಲವಾ," ಅಂತ ಕಾಲು ತೊಳೆಯಲು ಮೋರಿಗೆ ಹೋದರು.

ಸುಧಾ ನಡೆದಳು, ಓಡಿದಳು, ಗಲ್ಲ ತುಂಬಿಕೊಂಡು ಶಾಲೆಗೆ ಹೋದಳು. ಕಾಕಾ ಕಡೆಯ ತನಕ ರೊಟ್ಟಿಯನ್ನು ಬೈಯುತ್ತಲೇ ತಿಂದರು. ಒಂದು ಮಳೆಗಾಲ ಜ್ವರ ಬಂದು ಮಲಗಿದವರು ಏಳಲಿಲ್ಲ.

ಆ ವರ್ಷ ಹಿರಿಯರಿಗೆ ಎಡೆ ಇಡುವ ದಿನ ಬಂತು. ಹೋದವರಿಗೆ ಪ್ರೀತಿಯದ್ದನ್ನು ಮಾಡಿ ಇಡಬೇಕಲ್ಲ. ಬದುಕಿದ್ದಾಗ ನಾನು ಬಾಯಿಗೆ ಬಂದದ್ದು ಅಂದಿದ್ದೇನೆ, ಹೋಗಲಿ, ಈಗಲಾದರೂ ಹೊಟ್ಟೆ ತುಂಬ ತಿನ್ನಲಿ ಅಂತ ಉಡುಪಿ ಅಮ್ಮನ ಒಲೆಯ ಮೇಲೆ ಗೋಧಿ ಹುಗ್ಗಿ ಮಾಡಿದೆ. ಬೆಲ್ಲ, ತುಪ್ಪ, ಗಸಗಸೆ ಯಾವುದಕ್ಕೂ ಕೈ ಹಿಡಿಯಲಿಲ್ಲ. ಎಲೆಯ ನಡುವೆ ಬಡಿಸಿ, ಕೈ ಮುಗಿಯಬೇಕು ಅನ್ನುವಷ್ಟರಲ್ಲಿ ಸುಧಾ ನನ್ನ ಸೆರಗು ಜಗ್ಗಿದಳು. ಅವಳ ಮುಖ ನೋಡಿದರೆ ಗಾಬರಿ.

"ಅವ್ವಾ, ಅಜ್ಜಗ ಗೋಧಿ ನಡಿಯೂದಿಲ್ಲಲ್ಲ! ಮರ್ತಿ ಏನು?"

ನಾನು ಹುಗ್ಗಿಯ ಎಲೆಯನ್ನು ಎತ್ತಿ ಆಚೆ ಇಟ್ಟು, ಒಲೆ ಹೊತ್ತಿಸಿ, ಜೋಳದ ರೊಟ್ಟಿ ಬಡಿಯಲು ಕೂತೆ. ಸತ್ತ ಮೇಲೂ ರೊಟ್ಟಿ ತಪ್ಪಲಿಲ್ಲವಲ್ಲ ಕಾಕಾ ನಿಮಗೆ ಅಂತ ನಗಲು ಹೋದೆ, ಕಣ್ಣು ತುಂಬಿ ಹೆಂಚೇ ಕಾಣಲಿಲ್ಲ. ಹೊಸ ಎಲೆಯ ಮೇಲೆ ಬಿಸಿ ರೊಟ್ಟಿ ಇಟ್ಟಾಗ ಸುಧಾ ಅದರ ಅಂಚಿನಿಂದ ಒಂದು ಚೂರು ಮುರಿದು ತಾನು ತಿಂದಳು. ಉಳಿದದ್ದನ್ನು ಅಜ್ಜನ ಕಡೆ ಸರಿಸಿ, "ಈಗ ತಿನ್ನಜ್ಜಾ" ಅಂದಳು.